‘ಹೇಳಲಾಗುತ್ತದೆ’ ಎಂದವರು ಯಾರು, ಮಾಸ್ಟ್ರೇ?

ಕಾರ್ಕಳ ಕಡೆಯ ನಿವೃತ್ತ ಮಾಸ್ಟ್ರೊಬ್ಬರು ನಮ್ಮ ಪತ್ರಿಕೆಗೆ ಬರೆದ ಪತ್ರದ ಸಾರ ಇಷ್ಟು: ಅಂತರ್ಜಾಲದ ವಿಶ್ವಕೋಶವೊಂದರಲ್ಲಿ ತುಳುನಾಡಿನ ಆದಿವಾಸಿ ಸಮುದಾಯವಾದ ಕೊರಗರ ಬಗ್ಗೆ ಹದಿನಾಲ್ಕು ವಾಕ್ಯಗಳ ಬಡಕಲು ಲೇಖನವಿದೆ. ಅದನ್ನು ತಿದ್ದಲು ಹೋದರೆ ಇವರು ಬರೆದದ್ದನ್ನು ‘ಆಧಾರವಿಲ್ಲ’ ಎಂದು ಯಾರೋ ಅಳಿಸಿದರು. ಅಕ್ಷರದಿಂದಲೇ ದೂರ ಇಟ್ಟ ಜನರ ವಿಷಯದಲ್ಲಿ ಅಚ್ಚಾದ ಆಧಾರ ಕೇಳುವುದು ಇನ್ನೊಂದು ಬಗೆಯ ಅಸ್ಪೃಶ್ಯತೆ ಅಲ್ಲವೇ?

ಮಾಸ್ಟ್ರೇ, ಮಾತು ಖಾರವಾಗಿದೆ, ನಿಜವೂ ಇದೆ. ಒಪ್ಪಿದೆ. ಆದರೆ ನೀವು ಲಗತ್ತಿಸಿದ ಲೇಖನದ ಪ್ರತಿಯನ್ನು ಹಳೆಯ ಚಾಳಿಯಂತೆ ಕೆಂಪು ಪೆನ್ನು ಹಿಡಿದೇ ಓದಿದೆ. ಹದಿನಾಲ್ಕರಲ್ಲಿ ಒಂಬತ್ತು ವಾಕ್ಯ ‘ಎಂದು ಹೇಳಲಾಗುತ್ತದೆ’, ‘ಎಂಬ ನಂಬಿಕೆಯಿದೆ’ ಎಂದು ಮುಗಿಯುತ್ತವೆ. ಹೇಳಿದವರು ಯಾರು? ರೋಗಿಯ ಉಗುರು, ಕೂದಲು ಕಲೆಸಿದ ಅನ್ನವನ್ನು ಕೊರಗರಿಗೆ ಉಣಿಸಿದರೆ ರೋಗ ಅವರಿಗೆ ದಾಟುತ್ತದೆ ಎಂಬುದೂ ಒಂದು ಕಾಲಕ್ಕೆ ಹೀಗೇ ‘ಹೇಳಲಾಗುತ್ತಿದ್ದ’ ಮಾತು. ಇಂಥ ಅಂತೆಕಂತೆಗಳೇ ಒಂದು ಜನವನ್ನು ಊರಾಚೆ ಕೂರಿಸಿದ್ದು. ಅವರ ಬಗ್ಗೆ ಬರೆಯುವಾಗಲಾದರೂ ಅದೇ ವ್ಯಾಕರಣ ಬೇಡ.

ಇಡೀ ಲೇಖನಕ್ಕೆ ಇರುವ ಒಂದೇ ಅಡಿಟಿಪ್ಪಣಿ ಬ್ರಿಟಿಷರ ಕಾಲದ ಥರ್ಸ್ಟನ್ ಸಾಹೇಬರದು. ಜನರ ಮೂಗಿಗೆ ಅಳತೆಕಡ್ಡಿ ಹಿಡಿದವರು, 1909ರಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ತಂದವರು. ಕೊರಗರ ಮಟ್ಟಿಗೆ ಅವರು ನೆಚ್ಚಿದ್ದು ಹಿಂದಿನ ಅಧಿಕಾರಿಗಳ ಟಿಪ್ಪಣಿಗಳನ್ನು. ಅದರಲ್ಲಿ ಮಂಗಳೂರು ಕಂಡಿದ್ದ ವಾಲ್‌ಹೌಸ್ ಒಬ್ಬರು. ಅವರಿಗೆ ಹೇಳಿದವರು ಬಹುಶಃ ಕೊರಗರಲ್ಲ, ಕೊರಗರನ್ನು ಅಂಗಳದಾಚೆ ನಿಲ್ಲಿಸುತ್ತಿದ್ದವರು. ಹೀಗೆ ಬಂದ, ಕೊರಗರ ದೊರೆಯಾಗಿ ಒಮ್ಮೆ ಈ ನಾಡು ಆಳಿದನೆಂಬ ಹಬಾಶಿಕ ರಾಜನ ಐತಿಹ್ಯ ಈ ಲೇಖನದಲ್ಲಿ ಇತಿಹಾಸವಾಗಿ ಕೂತಿದೆ.

ಆಧಾರವೇ ಇಲ್ಲ ಅನ್ನುತ್ತೀರಿ. ಆ ಉಗುರು, ಕೂದಲಿನ ಅನ್ನ ಉಣಿಸುವುದೂ ಸೇರಿದ ಅಜಲು ಪದ್ಧತಿ ನಿಷೇಧಿಸಿದ 2000ದ ಕರ್ನಾಟಕ ಕಾಯ್ದೆ ಅಚ್ಚಾಗಿಲ್ಲವೇ? ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಿ ಎಂದ ಮಹಮ್ಮದ್ ಪೀರ್ ವರದಿ? ಆಗಸ್ಟ್ 18ಕ್ಕೆ ಅವರೇ ಆಚರಿಸುವ ಭೂಮಿ ಹಬ್ಬದ ಸುದ್ದಿಗಳು? ಆ ಸಮುದಾಯದಲ್ಲೇ ಪಿಎಚ್.ಡಿ. ಮಾಡಿದವರಿದ್ದಾರೆ. ಲೇಖನದಲ್ಲಿ ಇವು ಯಾವುವೂ ಇಲ್ಲ. ಸೊಪ್ಪು ಉಡುವ ವಿವರ ಮಾತ್ರ ಮೂರು ಸಾಲು ಇದೆ! ತುಳುವಿನ ಕಥನಹಾಡು ಪಾಡ್ದನವೂ ಆಧಾರವೇ, ಹಾಡಿದವರ ಹೆಸರು, ಊರು, ದಿನಾಂಕ ಬರೆದಿಟ್ಟುಕೊಂಡರೆ.

ಇನ್ನು ನೀವು ಸೇರಿಸಿದ್ದು: ‘ಕೊರಗರು ಮುಗ್ಧರು, ಸಂಕೋಚದ ಸ್ವಭಾವದವರು.’ ಬೇಸರಿಸಬೇಡಿ, ನಾನಾಗಿದ್ದರೂ ಹೊಡೆದುಹಾಕುತ್ತಿದ್ದೆ. ಆದರೆ ಪತ್ರದ ಕೊನೆಗೆ ಹೋಗುಹೋಗುತ್ತಾ ಒಂದು ಮಾತು ಬರೆದಿದ್ದೀರಿ. ಬಾಲ್ಯದಲ್ಲಿ ಕಂಬಳದ ಹಿಂದಿನ ರಾತ್ರಿ, ಕೊರಗರು ಡೋಲು ಬಡಿಯುತ್ತಾ ಗದ್ದೆಯ ಬಳಿ ರಾತ್ರಿ ಕಳೆಯುವ ‘ಪನಿ ಕುಲ್ಲುನ’ ಹೊತ್ತಿಗೆ, ಚಳಿಯಲ್ಲಿ ಬೆಳಗಿನವರೆಗೆ ನಿಲ್ಲದ ಡೋಲಿನ ಸದ್ದು ಕೇಳುತ್ತಾ ಕಂಬಳಿಯೊಳಗೆ ಮಲಗಿದ್ದೆ ಎಂದು. ಇದು ಬಂಗಾರ! ವಿಶ್ವಕೋಶಕ್ಕಲ್ಲ, ನಮಗೆ. ಯಾವ ಗದ್ದೆ, ಯಾವ ವರ್ಷ, ಯಾರ ಮನೆತನದ ಕಂಬಳ ಎಂದು ಬರೆದು ಕಳಿಸಿ. ಅಚ್ಚಾದ ಮೇಲೆ ಇನ್ಯಾರಾದರೂ ಅದನ್ನೇ ಅಡಿಟಿಪ್ಪಣಿಯಾಗಿ ಕೊಟ್ಟಾರು.

ತಪ್ಪು ವಿಶ್ವಕೋಶದ ಹುಡುಗರದ್ದೇ ಅಲ್ಲ. ವಿಚಾರಸಂಕಿರಣದ ಪ್ರಬಂಧಗಳು ಗಾಜಿನ ಬೀರುವಿನಲ್ಲಿ, ಕೀಲಿ ನಿವೃತ್ತರಾದ ಗುಮಾಸ್ತರ ಮನೆಯಲ್ಲಿ. ಪತ್ರಿಕೆಯವರು ನಾವೂ ಕಡಿಮೆಯಿಲ್ಲ. ಕೊರಗ ಕುಲದ ದೈವ ಕೊರಗಜ್ಜನ ಕಟ್ಟೆಗೆ ಚಕ್ಕುಲಿ, ಕಳ್ಳು, ವೀಳ್ಯ ಹಿಡಿದು ಕಾರುಗಳು ಸಾಲುಗಟ್ಟುವುದನ್ನು ಬಣ್ಣದ ಪುಟಗಳಲ್ಲಿ ಹಾಕಿದೆವು. ಮೊನ್ನೆ ಆ ಸಂಚಿಕೆ ತೆಗೆದು ನೋಡಿದೆ. ಅಜ್ಜನ ಕುಲದ ಒಬ್ಬರ ಮಾತೂ ಅದರಲ್ಲಿಲ್ಲ. ಸಂಪಾದಕ ನಾನೇ.

ಬರಹ ಬೇಗ ಕಳಿಸಿ, ಮಾಸ್ಟ್ರೇ. ಡೋಲು ಬಡಿದವರ ಹೆಸರು ನೆನಪಿಲ್ಲದಿದ್ದರೆ ಹತ್ತಿರದ ಕೊಪ್ಪಕ್ಕೆ, ಅಂದರೆ ಕೊರಗರ ಕೇರಿಗೆ, ಹೋಗಿ ಕೇಳಿ. ರಿಕ್ಷಾ ಬಾಡಿಗೆ ನಮ್ಮ ಲೆಕ್ಕಕ್ಕೆ ಬರೆಯಿರಿ.

– ಸಂ.