ಚೆಸ್ ಬೇಡ ಎಂದವಳು ರಾತ್ರಿ ಎರಡಕ್ಕೂ ಚೆಸ್ ಆಡುತ್ತಿದ್ದಳು

ಹುಡುಗಿ ಮಂಡ್ಯದವಳು, ಪ್ರಥಮ ಪಿಯುಸಿ ವಿಜ್ಞಾನ. ತಂದೆಗೆ ಬೀಜ-ಗೊಬ್ಬರದ ಅಂಗಡಿ, ತಾಯಿ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ. ಮನೆಯಲ್ಲಿ ಅಜ್ಜಿ ಮತ್ತು ಒಬ್ಬ ತಮ್ಮ. ಅವರೆಲ್ಲರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಅವಳನ್ನು ಇಲ್ಲಿ ಪುಟ್ಟಿ ಎಂದು ಕರೆಯುತ್ತೇನೆ. ನಮ್ಮ ಕಡೆ ಬೀದಿಗೊಬ್ಬಳು ಪುಟ್ಟಿ ಇದ್ದೇ ಇರುತ್ತಾಳೆ, ಯಾರೂ ಹುಡುಕಿಕೊಂಡು ಹೋಗಲಾರರು.

ಏಳನೇ ವಯಸ್ಸಿಗೆ ಶಾಲೆಯಲ್ಲಿ ಚೆಸ್ ಕಲಿತವಳು, ಹತ್ತಕ್ಕೆಲ್ಲ ಫಿಡೆ ರೇಟಿಂಗ್, ಅಂದರೆ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಆಟದ ಮಟ್ಟಕ್ಕೆ ಕೊಡುವ ಅಂಕ, ಪಡೆದಿದ್ದಳು. ವಾರಕ್ಕೆರಡು ಸಲ ರೈಲು ಹತ್ತಿ ಮೈಸೂರಿನಲ್ಲಿ ಕೋಚಿಂಗ್, ತಿಂಗಳಿಗೆರಡು ಶನಿವಾರ-ಭಾನುವಾರ ಬೆಂಗಳೂರಿನಲ್ಲೋ ಇನ್ನೆಲ್ಲೋ ಟೂರ್ನಮೆಂಟ್. ಎಸ್ಸೆಸ್ಸೆಲ್ಸಿ ಹೊತ್ತಿಗೆ ರೇಟಿಂಗ್ 1820 ಮುಟ್ಟಿತ್ತು. ಆಮೇಲೆ ಇಳಿಯತೊಡಗಿ 1700ರ ಹತ್ತಿರ ಬಂದು ನಿಂತಿತು. ಅಲ್ಲಿಗೆ ಪುಟ್ಟಿಯೂ ಆಟ ನಿಲ್ಲಿಸಿದಳು.

ಮೈಸೂರಿನ ಸರಸ್ವತಿಪುರಂನ ನನ್ನ ಆಪ್ತಸಲಹೆಯ ಕೋಣೆಗೆ ಬಂದು ಕೂತ ಕೂಡಲೇ ತಂದೆ ಶುರು ಮಾಡಿದರು: "ಮೂರು ತಿಂಗ್ಳಾಯ್ತು ಮೇಡಂ, ಬೋರ್ಡ್ ಮುಟ್ಟಿಲ್ಲ. ಟೂರ್ನಮೆಂಟ್ ಅಂದ್ರೆ ಹೊಟ್ಟೆನೋವು. ಕೇಳುದ್ರೆ ಇಂಟ್ರೆಸ್ಟ್ ಇಲ್ಲ ಅಂತಾಳೆ. ಇಂಟ್ರೆಸ್ಟ್ ಇಲ್ದೋಳು ರಾತ್ರಿ ಎರಡು ಗಂಟೆಗಂಟ ಮೊಬೈಲಲ್ಲಿ ಅದ್ನೇ ಆಡ್ತಾಳಲ್ಲ, ಇದ್ಯಾವ ನಾಟಕ?"

ಕೇಳಿದ್ದು ದೂರಿನ ಧಾಟಿಯಲ್ಲಿ, ಆದರೆ ಪ್ರಶ್ನೆ ಒಳ್ಳೆಯದೇ. ಪ್ರಕರಣ ಬಿಚ್ಚಿಕೊಂಡಿದ್ದೂ ಅದರಿಂದಲೇ.

ಪುಟ್ಟಿ ಒಬ್ಬಳೇ ಕೂತಾಗ ಮೊದಲು ಮಾತೇ ಇಲ್ಲ. ಚೆಸ್ ಬಗ್ಗೆ ಕೇಳಿದರೆ "ಇಲ್ಲ ಮಿಸ್, ಸಾಕಾಗಿದೆ" ಎಂದು ಮುಗಿಸುವಳು. ಹಾಗಾಗಿ ಆನ್‌ಲೈನ್‌ನಲ್ಲಿ ಯಾವ ಹೆಸರಿಟ್ಟುಕೊಂಡು ಆಡುತ್ತೀಯ ಎಂದು ಕೇಳಿದೆ. ಅವಳಿಗೆ ನಗು ಬಂತು. ಹೆಸರು ಹೇಳಲಿಲ್ಲ. "ಅದು ನಾನು ಅಂತ ಕೋಚ್‌ಗೂ ಗೊತ್ತಿಲ್ಲ. ಒಂದು ನಿಮಿಷದ ಗೇಮ್. ಸೋತ್ರೆ ಯಾರಿಗೂ ಹೇಳ್ಬೇಕಾಗಿಲ್ಲ" ಅಂದಳು.

ಹಾಗಾದರೆ ಬೇರೆಲ್ಲ ಕಡೆ ಸೋತಾಗ ಯಾರಿಗೆ ಹೇಳಬೇಕಿತ್ತು? ಪಟ್ಟಿ ಉದ್ದವಿತ್ತು. ಆಟ ಮುಗಿದು ಹಾಲ್‌ನಿಂದ ಹೊರಬಂದ ತಕ್ಷಣ ಅಪ್ಪಾಜಿಗೆ. ಸಂಜೆ ಫೋನಿನಲ್ಲಿ ಕೋಚ್‌ಗೆ. ರಾತ್ರಿ ಅಮ್ಮನಿಗೆ. ಸೋಮವಾರ ಕಾಲೇಜಿನಲ್ಲಿ, ಹಾಜರಾತಿ ವಿನಾಯಿತಿ ಕೊಟ್ಟ ಪ್ರಿನ್ಸಿಪಾಲರಿಗೆ. ತಂದೆಗೆ ಚೆಸ್ ಆಡಲು ಬರುವುದಿಲ್ಲ, ಆದರೆ ಫೋನಿನ ಎಂಜಿನ್, ಅಂದರೆ ನಡೆಗಳ ಸರಿ-ತಪ್ಪು ತೋರಿಸುವ ತಂತ್ರಾಂಶ, ಓದಲು ಬರುತ್ತದೆ. ಸ್ಕೋರ್ ಶೀಟ್ ನೋಡಿ ನಡೆಗಳನ್ನು ಹಾಕುತ್ತಾರೆ, ಕೆಂಪು ಗುರುತು ಬಂದಲ್ಲೆಲ್ಲ "ಇಲ್ಯಾಕೆ ಮಗ ಹಿಂಗಾಡ್ದೆ?" ಎನ್ನುತ್ತಾರೆ. ಬೆಂಗಳೂರಿನಿಂದ ವಾಪಸ್ ಬರುವಾಗ ಮದ್ದೂರಿನಲ್ಲಿ ವಡೆ ತಿನ್ನಲು ಕಾರು ನಿಲ್ಲಿಸಿದರೂ ತಟ್ಟೆಯ ಪಕ್ಕದಲ್ಲಿ ಫೋನ್ ತೆರೆದೇ ಇರುತ್ತಿತ್ತಂತೆ. ಅವರ ದನಿ ಯಾವತ್ತೂ ಏರಿಲ್ಲ, ಇದನ್ನು ಅವಳೇ ಒತ್ತಿ ಹೇಳಿದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಷ್ಟು ಅಕ್ಕರೆಯಿಂದ ಕೇಳುವ ಮನುಷ್ಯನಿಗೆ ಏನು ಹೇಳುವುದು?

ಮುಂದಿನ ಸಲ ತಂದೆ ಒಂದು ಲೆಕ್ಕದ ಪುಸ್ತಕ ತಂದರು. ಅಂಗಡಿಯಲ್ಲಿ ಬಳಸುವಂಥದ್ದೇ, ಉದ್ದನೆಯದು. ಒಂದು ಬದಿ ಎಂಟ್ರಿ ಫೀಸು, ಕೋಚ್ ಫೀಸು, ಲಾಡ್ಜ್, ಪೆಟ್ರೋಲ್. ಇನ್ನೊಂದು ಬದಿ ರೇಟಿಂಗ್ ಏರಿಳಿತ. ಗೆದ್ದ ಪ್ರತಿ ಆಟಕ್ಕೆ ಮಗಳಿಗೆ ಕೊಟ್ಟ 500 ರೂಪಾಯಿಯೂ ಬರೆದಿತ್ತು. ಮಗಳ ಮೇಲೆ ಎಷ್ಟು ಜೀವ ಇಟ್ಟುಕೊಂಡಿದ್ದಾರೆಂದು ತೋರಿಸಲು ತಂದಿದ್ದರು. ಅದು ಕಾಣುತ್ತಲೂ ಇತ್ತು.

ಇಲ್ಲಿ ಸ್ವಲ್ಪ ಗಣಿತ ಬೇಕು. ಹೊರಗಿನವರಿಗೆ ರೇಟಿಂಗ್ ಅಂದರೆ ಪರೀಕ್ಷೆಯ ಅಂಕದ ಹಾಗೆ ಓದಿದಷ್ಟೂ ಏರಬೇಕಾದ್ದು ಎನಿಸುತ್ತದೆ. ಆದರೆ ಫಿಡೆ ಲೆಕ್ಕ ಹಾಕುವುದು ಬಂದ ಫಲಿತಾಂಶಕ್ಕೂ ನಿರೀಕ್ಷಿತ ಫಲಿತಾಂಶಕ್ಕೂ ಇರುವ ವ್ಯತ್ಯಾಸವನ್ನು ಒಂದು ಗುಣಕದಿಂದ ಗುಣಿಸಿ; ಹದಿನೆಂಟು ತುಂಬದ, 2300ಕ್ಕಿಂತ ಕಡಿಮೆ ರೇಟಿಂಗ್ ಇರುವ ಆಟಗಾರರಿಗೆ ಆ ಗುಣಕ 40. ಎದುರಾಳಿ 400 ಅಂಕ ಕೆಳಗಿದ್ದರೆ ಗೆಲ್ಲುವುದೇ ನಿರೀಕ್ಷೆ, ಹಾಗಾಗಿ ಗೆದ್ದಾಗ ಸಿಗುವುದು 3.2 ಅಂಕ. ಸೋತರೆ ಹೋಗುವುದು 36.8. ಡ್ರಾ ಮಾಡಿಕೊಂಡರೂ 16.8 ಹೋಗುತ್ತದೆ. ಒಂದು ಸೋಲನ್ನು ತುಂಬಿಕೊಳ್ಳಲು ಅಂಥವರ ಮೇಲೆಯೇ ಹನ್ನೊಂದಕ್ಕೂ ಹೆಚ್ಚು ಗೆಲುವು ಬೇಕು. ಎದುರು ಕೂರುವ ಒಂಬತ್ತು ವರ್ಷದ ಪೋರನ ರೇಟಿಂಗ್ 1420 ಇರಬಹುದು, ಆಟ ಅದಕ್ಕಿಂತ ಎಷ್ಟೋ ಮುಂದಿರುತ್ತದೆ. ಬೆಳೆಯುವ ಮಕ್ಕಳ ರೇಟಿಂಗ್ ಯಾವಾಗಲೂ ಅವರ ಆಟಕ್ಕಿಂತ ಹಿಂದೆಯೇ. ಪುಟ್ಟಿ ಅಂಥವರಿಗೆ ಸೋತಿದ್ದಳು. ಪುಸ್ತಕದಲ್ಲಿ ಅದು "-36.8" ಎಂದು ಕೆಂಪು ಶಾಯಿಯಲ್ಲಿತ್ತು. ಆ ದಿನಗಳಲ್ಲಿ ಅವಳು ಎರಡು ಅಂತ್ಯದಾಟಗಳನ್ನು (ಕೆಲವೇ ಕಾಯಿ ಉಳಿದಾಗಿನ ಆಟ) ತನ್ನ ಜೀವನದಲ್ಲೇ ಚೆನ್ನಾಗಿ ಆಡಿದ್ದಳಂತೆ. ಅದಕ್ಕೆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಬರ್ನೌಟ್, ಅಂದರೆ ಒತ್ತಡದಿಂದ ಬಸವಳಿದು ಹೋಗುವುದು, ಈ ಪದವನ್ನು ನಾನು ಬೇಗ ಬಳಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗವರ್ಗೀಕರಣದಲ್ಲಿ ಅದು ಕಾಯಿಲೆಯಲ್ಲ, ಉದ್ಯೋಗಕ್ಕೆ ಸೇರಿದ ವಿದ್ಯಮಾನ. ಹದಿನಾರರ ಹುಡುಗಿಗೆ ಎಲ್ಲಿಯ ಉದ್ಯೋಗ ಎನ್ನಬಹುದು. ಅವಳ ವಾರ ನೋಡಿದರೆ ವಾರದ ರಜೆಯೂ ಇಲ್ಲದ ನೌಕರಿ. ಕ್ರೀಡಾ ಮನೋವಿಜ್ಞಾನ ಆಟಗಾರರ ವಿಷಯದಲ್ಲಿ ಮೂರು ಲಕ್ಷಣ ಹುಡುಕುತ್ತದೆ: ಮೈಮನಸ್ಸು ಎರಡೂ ಬಸವಳಿಯುವುದು, ಏನೂ ಸಾಧಿಸುತ್ತಿಲ್ಲ ಎನಿಸುವುದು, ಒಂದು ಕಾಲಕ್ಕೆ ಪ್ರಾಣವಾಗಿದ್ದ ಆಟಕ್ಕೇ ಬೆಲೆ ಇಲ್ಲವಾಗುವುದು. ಮೊದಲೆರಡು ಪುಟ್ಟಿಯಲ್ಲಿ ಸ್ಪಷ್ಟವಾಗಿದ್ದವು. ಮೂರನೆಯದು ಪೂರ್ತಿ ಇರಲಿಲ್ಲ. ರಾತ್ರಿ ಎರಡರ ಬುಲೆಟ್ ಆಟ, ಅಂದರೆ ಆ ಒಂದು ನಿಮಿಷದ ಗೇಮ್, ಹೇಳುತ್ತಿದ್ದುದು ಇದನ್ನೇ. ಅವಳಿಗೆ ಸಾಕಾಗಿದ್ದು ಚೆಸ್ ಅಲ್ಲ, ಆಡಿದ ಮೇಲೆ ಒಪ್ಪಿಸಬೇಕಾದ ಲೆಕ್ಕ.

ಹಾಗೆಂದು ಆ ಬುಲೆಟ್ ಆಟವನ್ನು ನಾನು ಹೊಗಳಲಿಲ್ಲ. ಒಂದು ನಿಮಿಷದ ಆಟದಲ್ಲಿ ಯೋಚನೆಗೆ ಜಾಗವಿಲ್ಲ, ಸೋಲಿನ ನೋವು ತಟ್ಟುವಷ್ಟರಲ್ಲಿ ಮುಂದಿನ ಆಟ ಶುರುವಾಗಿರುತ್ತದೆ. ಅದು ವಿಶ್ರಾಂತಿಯಲ್ಲ, ಮರಗಟ್ಟಿಸುವ ಮದ್ದು. ನಿದ್ದೆ ಐದು ಗಂಟೆಗೆ ಇಳಿದಿತ್ತು, ಮಧ್ಯಾಹ್ನದ ಕ್ಲಾಸಿನಲ್ಲಿ ತೂಕಡಿಕೆ.

ಸಲಹೆಗೆ ಕೂರುವ ಮುಂಚೆ ಎರಡು ಕೆಲಸ ಮಾಡಿದೆ. ಖಿನ್ನತೆ ಇದೆಯೇ ಎಂದು ವಿಚಾರಿಸಿದೆ. ಬದುಕೇ ಬೇಡ ಎನಿಸಿದ್ದುಂಟಾ ಎಂದು ನೇರವಾಗಿ ಕೇಳಿದೆ. ಕೇಳಿದರೆ ಮಕ್ಕಳ ತಲೆಯಲ್ಲಿ ಆ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಇಲ್ಲ ಎಂದಳು. ಗೆಳತಿಯರ ಜೊತೆ ನಗು, ಅಜ್ಜಿಯ ಮೀನು ಸಾರಿನ ರುಚಿ, ಮೊಬೈಲಿನ ರೀಲ್ಸ್ ಎಲ್ಲ ಹಾಗೇ ಇದ್ದವು. ಬತ್ತಿದ್ದು ಚೆಸ್ ಒಂದೇ. ಎಲ್ಲದರಲ್ಲೂ ಆಸಕ್ತಿ ಹೋಗಿ ಎರಡು ವಾರ ದಾಟಿದ್ದರೆ ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ತಕ್ಷಣ ಯಾರೊಂದಿಗಾದರೂ ಮಾತಾಡಬೇಕೆನಿಸುವವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಹಗಲೂ ರಾತ್ರಿ, ಕನ್ನಡದಲ್ಲೂ, ದುಡ್ಡಿಲ್ಲದೆ. ಎರಡನೆಯದಾಗಿ ರಕ್ತಪರೀಕ್ಷೆ ಮಾಡಿಸಿ ಎಂದೆ. ಹಿಮೋಗ್ಲೋಬಿನ್ 10.4 ಬಂತು, ಈ ವಯಸ್ಸಿನ ಹುಡುಗಿಯರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ನಾಲ್ಕನೇ ಗಂಟೆಗೆ ಬೋರ್ಡು ಮಂಜಾಗುತ್ತದೆ ಎಂದು ಅವಳು ಹೇಳಿದ್ದರಲ್ಲಿ ಒಂದಷ್ಟು ಕಬ್ಬಿಣದ ಕೊರತೆಯೂ ಇದ್ದೀತು. ವೈದ್ಯರು ಮಾತ್ರೆ ಕೊಟ್ಟರು. ಹುಮ್ಮಸ್ಸಿಲ್ಲ ಎನ್ನುವ ಹುಡುಗಿಯರಿಗೆ ಉಪದೇಶ ಕೊಡುವ ಮುಂಚೆ ಈ ಪರೀಕ್ಷೆ ಆಗಲೇಬೇಕು ಎನ್ನುವುದು ನನ್ನ ಹಟ.

ಬಿಡುವು ಕೊಡೋಣ ಎಂದಾಗ ತಂದೆಯ ಮುಖ ಸಪ್ಪಗಾಯಿತು. ಗುಕೇಶ್ ಹೆಸರು ಬಂತು. ಹದಿನೆಂಟಕ್ಕೆ ವಿಶ್ವ ಚಾಂಪಿಯನ್, ಅವನೇನು ಬಿಡುವು ತಗೊಂಡ್ನಾ? 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಗುಕೇಶ್ ಎದುರು ಕೂತಿದ್ದವರು ಯಾರು ಗೊತ್ತೇ ಎಂದೆ. ಚೀನಾದ ಡಿಂಗ್ ಲಿರೆನ್. 2023ರಲ್ಲಿ ಪಟ್ಟ ಗೆದ್ದ ಮೇಲೆ ತಿಂಗಳುಗಟ್ಟಲೆ ಆಟದಿಂದ ದೂರವಿದ್ದು, ತಮ್ಮ ಖಿನ್ನತೆಯ ಬಗ್ಗೆ ತಾವೇ ಮಾತಾಡಿದವರು. ಅವರಿಗೂ ಮೊದಲಿನ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ 2022ರಲ್ಲಿ, ಹುಮ್ಮಸ್ಸಿಲ್ಲ ಎಂಬ ಕಾರಣಕ್ಕೇ ಪಟ್ಟದ ಪಂದ್ಯ ಬೇಡ ಎಂದರು, ಚೆಸ್ ಬಿಡಲಿಲ್ಲ. ತಡವಾಗುತ್ತದೆ ಎಂಬ ಆತಂಕಕ್ಕೆ ಉತ್ತರ ಮೈಸೂರಿನಲ್ಲೇ ಇದೆ: ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜ್‌ಕುಮಾರ್ ಇಲ್ಲಿಯವರು, 2017ರಲ್ಲಿ ಚೆಸ್‌ನ ಆ ಅತ್ಯುನ್ನತ ಪದವಿ ಬಂದಾಗ ಅವರಿಗೆ ಮೂವತ್ತು ದಾಟಿತ್ತು. ಇವೆಲ್ಲಕ್ಕಿಂತ ತಂದೆಗೆ ಸಮಾಧಾನ ತಂದಿದ್ದು ಒಂದು ಒಣ ನಿಯಮ. ಆಡದೆ ಇದ್ದರೆ ಫಿಡೆ ರೇಟಿಂಗ್ ಕರಗುವುದಿಲ್ಲ. ವರ್ಷವಿಡೀ ರೇಟೆಡ್ ಆಟವಿಲ್ಲದಿದ್ದರೆ ಹೆಸರಿನ ಎದುರು ನಿಷ್ಕ್ರಿಯ ಎಂಬ ಗುರುತು ಬೀಳುತ್ತದೆ, ಸಂಖ್ಯೆ ಹಾಗೇ ಇರುತ್ತದೆ, ಮತ್ತೆ ಆಡಿದರೆ ಗುರುತು ಹೋಗುತ್ತದೆ.

ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕಬ್ಬನ್ನು ನೆನೆದು ತಂದೆಯೇ ಒಂದು ಮಾತು ಹೇಳಿದರು: "ಕೂಳೆ ಕಬ್ಬೂ ಹಂಗೇ ಮೇಡಂ. ಮೂರ್ನೇ ಕೂಳೆಗೆ ಇಳುವರಿ ಬಿದ್ದೋಯ್ತದೆ, ಮಣ್ಣಿಗೂ ರೆಸ್ಟ್ ಬೇಕು." ನನಗೆ ಖುಷಿಯಾಯಿತು. ಅದೇ ಉಸಿರಿನಲ್ಲಿ, "ಮತ್ತೆ ನಾಟಿ ಯಾವಾಗ?" ಎಂದರು.

ಯಾವಾಗ ಎನ್ನುವುದನ್ನು ಪುಟ್ಟಿಯೇ ಹೇಳಲಿ ಎಂಬುದು ನಾನು ಕೊಟ್ಟ ಮೊದಲ ಸಲಹೆ. ದೊಡ್ಡವರು ದಿನಾಂಕ ಹಾಕಿಕೊಟ್ಟ ಬಿಡುವು ಬಿಡುವಾಗುವುದಿಲ್ಲ, ಮುಂದಿನ ಟೂರ್ನಮೆಂಟಿನ ತಯಾರಿಯಾಗುತ್ತದೆ. ಅವಳು ದಸರಾ ರಜೆವರೆಗೆ ಎಂದಳು, ಆಯಿತು. ಅಲ್ಲಿಯವರೆಗೆ ರೇಟೆಡ್ ಆಟ ಇಲ್ಲ, ಮನೆಯಲ್ಲಿ ರೇಟಿಂಗ್ ಮಾತಿಲ್ಲ, ಪುಸ್ತಕ ಅಂಗಡಿಯ ಬೀರುವಿನಲ್ಲಿ. ಬುಲೆಟ್ ಪೂರ್ತಿ ಬಿಡು ಎಂದು ಹೇಳಲಿಲ್ಲ. ರಾತ್ರಿ ಹತ್ತಕ್ಕೆ ಫೋನ್ ಅಜ್ಜಿಯ ಕೋಣೆಯಲ್ಲಿ ಚಾರ್ಜಿಗೆ. ಈ ನಿಯಮ ತಂದೆಯ ಫೋನಿಗೂ ಅನ್ವಯ ಎಂದಾಗಲೇ ಅವಳು ಒಪ್ಪಿದ್ದು.

500 ರೂಪಾಯಿ ನಿಲ್ಲಿಸಿ ಎಂದಿದ್ದಕ್ಕೆ ತಾಯಿ ಆಶ್ಚರ್ಯಪಟ್ಟರು, ಪ್ರೋತ್ಸಾಹ ತಾನೇ ಎಂದು. ಎಡ್ವರ್ಡ್ ಡೀಸಿ ಎಂಬ ಮನೋವಿಜ್ಞಾನಿ 1971ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಅವರಿಗೆ ಹೇಳಿದೆ. ಮರದ ತುಂಡುಗಳ ಒಗಟು ಬಿಡಿಸಲು ಕೆಲವು ವಿದ್ಯಾರ್ಥಿಗಳಿಗೆ ದುಡ್ಡು ಕೊಟ್ಟು, ಆಮೇಲೆ ನಿಲ್ಲಿಸಿದರು. ಬಿಡುವಿನಲ್ಲಿ ಅವರನ್ನು ಅವರ ಪಾಡಿಗೆ ಬಿಟ್ಟಾಗ, ದುಡ್ಡು ಪಡೆದವರು ಒಗಟಿನ ತಂಟೆಗೆ ಹೋಗಿದ್ದು ಕಡಿಮೆ. ಪುಟ್ಟಿ ಏಳನೇ ವಯಸ್ಸಿನಲ್ಲಿ ದುಡ್ಡಿಗಾಗಿ ಆಡುತ್ತಿರಲಿಲ್ಲವಲ್ಲ.

ಆಟದ ನಂತರದ ಎಂಜಿನ್ ವಿಚಾರಣೆಗೆ ಕೋಚ್ ಜೊತೆ ಮಾತಾಡಿ ಹೊಸ ಕ್ರಮ ಮಾಡಿದೆವು. ಅವರು ವಿವೇಕಿ, ಸಮಸ್ಯೆ ಅವರಿಗೆ ಮೊದಲೇ ಕಂಡಿತ್ತು. ಆಟ ಮುಗಿದ ದಿನ ಯಾರೂ ಏನೂ ಕೇಳುವಂತಿಲ್ಲ. ಮರುದಿನ ಪುಟ್ಟಿ ಆಟದಲ್ಲಿ ಕಾಯಿಗಳು ನಿಂತಿದ್ದ, ತನಗೆ ಬೇಕಾದ ಒಂದು ಸ್ಥಿತಿಯನ್ನು ಮಾತ್ರ ಕೋಚ್ ಮುಂದೆ ಇಡುತ್ತಾಳೆ, ಮೊದಲು ಎಂಜಿನ್ ಇಲ್ಲದೆ. ಅದು ಗೆದ್ದ ಆಟದ್ದೂ ಆಗಬಹುದು.

ಸೋಲು ಗೆಲುವು ಎರಡೂ ಇಲ್ಲದ ಏನಾದರೂ ಬೇಕಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ್ ಚದುರಂಗದ ಕುದುರೆ ನಡೆಯ ಒಗಟುಗಳನ್ನು ರಚಿಸಿದ್ದ ಊರು ನಮ್ಮದು. ಅವಳಿಗೆ ಅದನ್ನೇ ಕೊಟ್ಟೆ. ಒಂದೇ ಕುದುರೆ, 64 ಮನೆ, ಪ್ರತಿ ಮನೆಗೆ ಒಂದೇ ಸಲ. ಯಾರಿಗೂ ತೋರಿಸಬೇಕಾಗಿಲ್ಲ ಎಂದೆ. ಉತ್ತರ ಅಂತರ್ಜಾಲದಲ್ಲಿ ಸಿಗುತ್ತದೆ, ಅವಳು ನೋಡಲಿಲ್ಲ. ಕೆಲವು ವಾರಗಳ ನಂತರ ಒಂದು ನೋಟ್‌ಬುಕ್ ತಂದಳು, ಅರ್ಧಕ್ಕೇ ನಿಂತ ಓಟಗಳೇ ತುಂಬಿದ್ದವು. ಅಜ್ಜಿಯೂ ಪಕ್ಕದಲ್ಲಿ ಕೂತು ಬೆರಳಿಟ್ಟು ಹೇಳುತ್ತಾರಂತೆ. ಚೌಕಾಬಾರದಲ್ಲಿ ಮನೆಮಂದಿಯನ್ನೆಲ್ಲ ಸೋಲಿಸುವ ಅಜ್ಜಿ.

ಈಗ ನಿದ್ದೆ ಏಳು ಗಂಟೆಗೆ ಬಂದಿದೆ, ಹಿಮೋಗ್ಲೋಬಿನ್ ಏರುತ್ತಿದೆ. ಕಾಲೇಜಿನ ತಂಡಕ್ಕೆ ಒಂದು ದಿನದ ರೇಟಿಂಗ್ ಇಲ್ಲದ ಪಂದ್ಯ ಆಡಿ ಬಂದಳು. ದಸರಾದಲ್ಲಿ ಒಂದು ಟೂರ್ನಮೆಂಟಿಗೆ ಹೋಗುವ ಮನಸ್ಸಿದೆ, ಜೊತೆಗೆ ಅಮ್ಮ ಬರಲಿ ಎಂದಿದ್ದಾಳೆ. ತಂದೆಗೆ ಬೇಜಾರಾಗಿದೆ, ಅದನ್ನು ಅವರು ಮಗಳೆದುರು ಆಡಿಲ್ಲ, ನನ್ನೆದುರು ಆಡಿದ್ದಾರೆ. ಚೆಸ್ ಮುಂದುವರಿಸುತ್ತಾಳೋ ಇಲ್ಲವೋ ನಾನು ಹೇಳಲಾರೆ, ಅದು ಈ ಸಲಹೆಯ ಗುರಿಯೂ ಆಗಿರಲಿಲ್ಲ.

ಕಳೆದ ಸಲ ಹೊರಡುವಾಗ ತಂದೆ ಬಾಗಿಲ ಹತ್ತಿರ ನಿಂತು ಕೇಳಿದರು: "ಚಿಕ್ಕೋನಿಗೆ ಆರು ವರ್ಷ ಮೇಡಂ. ಈಗಿಂದ್ಲೇ ಕ್ಲಾಸಿಗೆ ಹಾಕ್ಬೋದಾ?" ಹಾಕಬಹುದು, ಅವನಿಗೆ ಆಡಬೇಕು ಅನ್ನಿಸಿದೆಯಾ ಕೇಳಿದಿರಾ ಎಂದೆ. ಕೇಳಿರಲಿಲ್ಲ. ಮುಂದಿನ ಭೇಟಿಗೆ ತಂದೆಯೊಬ್ಬರೇ ಬರುತ್ತಿದ್ದಾರೆ.