ಎರಡನೇ ಡಿವಿಷನ್ ಅಂತ ಬಿಡ್ಬೇಡಿ ಮಾರಾಯ್ರೆ

ಕಳೆದ ಸಂಚಿಕೆಯಲ್ಲಿ ಸ್ಪೇನಿನ ಎರಡನೇ ಡಿವಿಷನ್ ಫುಟ್‌ಬಾಲ್, ಅವರ ಭಾಷೆಯಲ್ಲಿ ಸೆಗುಂದಾ, ಅದರ 2024-25ರ ಸೀಸನ್ ಬಗ್ಗೆ ನಾಲ್ಕು ಸಾಲು ಬರ್ದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬರ್ತದೆ ಅಂತ ಎಣಿಸಿರ್ಲಿಲ್ಲ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಇದೊಂದನ್ನೇ ತಗೊಂಡಿದ್ದೇನೆ.

ಪ್ರಶ್ನೆ: ಸರ್, ರಿಯಲ್ ಮ್ಯಾಡ್ರಿಡ್ ಇಲ್ಲ, ಬಾರ್ಸಾ ಇಲ್ಲ. ಹಾಗಿರುವ ಲೀಗಲ್ಲಿ ನಿದ್ದೆ ಬಿಟ್ಟು ನೋಡುವಂಥದ್ದು ಎಂತ ಉಂಟು?
– ಇಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ನೀವು ಕಂಬಳಕ್ಕೆ ಹೋಗಿರ್ತೀರಿ ಅಂತ ಎಣಿಸಿ ಹೇಳ್ತೇನೆ. ಹಗ್ಗ ಹಿರಿಯ ಅನ್ನುವ ದೊಡ್ಡ ವಿಭಾಗದ ಫೈನಲ್ ನೋಡ್ಲಿಕ್ಕೆ ಮಾತ್ರ ಜನ ಬರುದಾ? ನೇಗಿಲು ಕಿರಿಯ ವಿಭಾಗ ಓಡ್ತಾ ಇರುವಾಗ ಕೋಣ ಓಡುವ ಕೆಸರುಗದ್ದೆಯ ಬದಿಯಲ್ಲಿ ನಿಂತವರ ಮುಖ ನೋಡಿ, ಅದು ಅವರ ಪಕ್ಕದ ಮನೆಯ ಕೋಣ, ಅದಕ್ಕೆ ವರ್ಷವಿಡೀ ಹುರುಳಿ ಬೇಯಿಸಿ ಹಾಕಿದ್ದನ್ನು ಅವರು ಕಣ್ಣಾರೆ ನೋಡಿದ್ದಾರೆ, ಹಾಗಾಗಿ ಗಂಟಲು ಹರಿಯುವಷ್ಟು ಬೊಬ್ಬೆ ಹೊಡೀತಾರೆ. ಸೆಗುಂದಾ ಅಂದ್ರೆ ನನಗೆ ಅದೇ. ಇಲ್ಲಿ ಆಡುವ ಹೆಚ್ಚಿನ ಟೀಮುಗಳು ಒಂದೊಂದು ಊರಿನವು, ಆ ಊರು ಬಿಟ್ರೆ ಅವಕ್ಕೆ ಬೇರೆ ಯಾರೂ ಇಲ್ಲ.

ಮತ್ತೆ ಹಳೇ ದೊಡ್ಡ ಮನೆಗಳೂ ಇಲ್ಲೇ ಉಂಟು. 2000ದಲ್ಲಿ ಲಾ ಲಿಗಾ, ಅಂದ್ರೆ ಸ್ಪೇನಿನ ಮೊದಲನೇ ಡಿವಿಷನ್, ಗೆದ್ದ ಡೆಪೋರ್ತಿವೊ, 2013ರಲ್ಲಿ ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್ ಆಡಿದ ಮಾಲಗಾ, 1995ರಲ್ಲಿ ಇಂಗ್ಲೆಂಡಿನ ಆರ್ಸೆನಲನ್ನು ಸೋಲಿಸಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಎತ್ತಿದ ಸರಗೋಸಾ, ಇವರೆಲ್ಲ 2024-25ರಲ್ಲಿ ಆಡಿದ್ದು ಸೆಗುಂದಾದಲ್ಲಿ. ಒಮ್ಮೆ ಕೆಳಗೆ ಬಿದ್ರೆ ಮೇಲೆ ಹತ್ತುದು ಎಷ್ಟು ಕಷ್ಟ ಅಂತ ಅವರನ್ನು ಕೇಳ್ಬೇಕು.

ಪ್ರಶ್ನೆ: ಮೇಲೆ ಹೋಗುವ ಲೆಕ್ಕಾಚಾರ ಸ್ವಲ್ಪ ಬಿಡಿಸಿ ಹೇಳ್ತೀರಾ? ಮೂರನೇ ಸ್ಥಾನ ಬಂದವರು ಪುನಃ ಯಾಕೆ ಆಡ್ಬೇಕು? ಫೈನಲ್ ಡ್ರಾ ಆದ್ರೆ ಪೆನಾಲ್ಟಿ ಶೂಟೌಟ್ ಇಲ್ಲ ಅಂತ ಗೆಳೆಯ ಹೇಳ್ತಾನೆ, ನಾನು ನಂಬ್ಲಿಲ್ಲ.
– ಆಸ್ಪತ್ರೆ ಉದ್ಯೋಗಿ, ಮಣಿಪಾಲ

ನಿಮ್ಮ ಗೆಳೆಯ ಹೇಳಿದ್ದು ಸರಿ. 22 ಟೀಮು, ಒಬ್ಬೊಬ್ಬರಿಗೆ 42 ಮ್ಯಾಚು, ಆಗಸ್ಟಲ್ಲಿ ಶುರುವಾದ್ರೆ ಪ್ಲೇಆಫ್ ಎಲ್ಲ ಮುಗಿಯುವಾಗ ನಮ್ಮಲ್ಲಿ ಮಳೆಗಾಲ ಹಿಡಿದಿರ್ತದೆ. ಮೊದಲ ಎರಡು ಟೀಮು ನೇರ ಲಾ ಲಿಗಾಕ್ಕೆ. ಮೂರರಿಂದ ಆರರವರೆಗೆ ಬಂದ ನಾಲ್ಕು ಟೀಮು ಪ್ಲೇಆಫ್ ಆಡಿ ಅದರಲ್ಲಿ ಒಬ್ಬರು ಮೇಲೆ ಹೋಗ್ತಾರೆ, ಈ ಪದ್ಧತಿ 2010-11ರಿಂದ ಉಂಟು. ಕೊನೆಯ ನಾಲ್ಕು ಟೀಮು ಮೂರನೇ ಡಿವಿಷನ್‌ಗೆ ಇಳೀತವೆ.

ಪ್ಲೇಆಫಲ್ಲಿ ಮೂರನೆಯವರಿಗೆ ಆರನೆಯವರು, ನಾಲ್ಕನೆಯವರಿಗೆ ಐದನೆಯವರು, ಎರಡೆರಡು ಲೆಗ್, ಅಂದ್ರೆ ಇವರೂರಲ್ಲಿ ಒಂದು ಅವರೂರಲ್ಲಿ ಒಂದು ಮ್ಯಾಚು, ಎರಡನೇ ಲೆಗ್ ಮೇಲಿನ ಸ್ಥಾನದವರ ಊರಲ್ಲಿ. ಗೆದ್ದ ಇಬ್ಬರ ಫೈನಲೂ ಹೀಗೇ. ಎರಡೂ ಲೆಗ್ ಸೇರಿಸಿ ಗೋಲು ಸಮ ಆದ್ರೆ ಎಕ್ಸ್‌ಟ್ರಾ ಟೈಮ್, ಅಲ್ಲಿಯೂ ಸಮ ಆದ್ರೆ ಲೀಗಲ್ಲಿ ಮೇಲಿದ್ದವರು ಗೆದ್ದ ಹಾಗೆ, ಶೂಟೌಟ್ ಇಲ್ಲವೇ ಇಲ್ಲ. ನನಗೆ ಇದು ಬಹಳ ಇಷ್ಟದ ನಿಯಮ. 42 ಮ್ಯಾಚಿನ ದುಡಿಮೆಗೆ ಒಂದು ಬೆಲೆ ಬೇಡ್ವಾ?

ಆದ್ರೆ ಇದೇ ನಿಯಮ ವಲೆನ್ಸಿಯಾ ಊರಿನ ಲೆವಾಂತೆ ಟೀಮಿನವರ ಹೊಟ್ಟೆಗೆ ಬೆಂಕಿ ಹಾಕಿದ್ದೂ ಉಂಟು. 2023ರ ಜೂನಲ್ಲಿ ಅಲಾವೆಸ್ ಟೀಮಿನ ಜೊತೆ ಪ್ಲೇಆಫ್ ಫೈನಲ್. ಲೀಗಲ್ಲಿ ಲೆವಾಂತೆ ಮೂರನೇದು, ಅಲಾವೆಸ್ ನಾಲ್ಕನೇದು. ಮೊದಲ ಲೆಗ್ 0-0, ವಲೆನ್ಸಿಯಾದಲ್ಲಿ ಎರಡನೇದೂ 0-0, ಎಕ್ಸ್‌ಟ್ರಾ ಟೈಮಿನ 120 ನಿಮಿಷವೂ ಮುಗೀತು, ಇನ್ನು ವಿಸಲ್ ಊದಿದ್ರೆ ಲೆವಾಂತೆ ಲಾ ಲಿಗಾದಲ್ಲಿ. ಆಗ ಹ್ಯಾಂಡ್‌ಬಾಲ್ ಅಂತ ವಿಎಆರ್, ಅಂದ್ರೆ ವಿಡಿಯೋ ನೋಡುವ ರೆಫರಿ, ಕರೆದ್ರು, ಪೆನಾಲ್ಟಿ ಕೊಟ್ರು, 120 ದಾಟಿ ಒಂಬತ್ತನೇ ನಿಮಿಷಕ್ಕೆ ಅಲಾವೆಸ್‌ನ ವಿಯಾಲಿಬ್ರೆ ಗೋಲು ಹಾಕಿದ. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅನ್ನುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಾನಂತೂ ನೋಡಿಲ್ಲ.

ಅದೇ ಲೆವಾಂತೆ 2024-25ರಲ್ಲಿ 79 ಪಾಯಿಂಟ್ ತಗೊಂಡು ಚಾಂಪಿಯನ್ ಆಯ್ತು. ಆ ಸೀಸನಿನ ಅಕ್ಟೋಬರ್ ಕೊನೆಗೆ ವಲೆನ್ಸಿಯಾ ಪ್ರದೇಶದಲ್ಲಿ ಭೀಕರ ಪ್ರವಾಹ ಬಂದು ಇನ್ನೂರಕ್ಕಿಂತ ಹೆಚ್ಚು ಜನ ತೀರಿಕೊಂಡಿದ್ರು, ಮ್ಯಾಚುಗಳನ್ನೇ ಮುಂದೂಡ್ಬೇಕಾಯ್ತು. ಮೇ ತಿಂಗಳಲ್ಲಿ ಬುರ್ಗೋಸ್ ಊರಲ್ಲಿ 2-0 ಹಿಂದೆ ಬಿದ್ದು, ಅಲ್ಲಿಂದ ಎದ್ದು, ಇಂಜುರಿ ಟೈಮಲ್ಲಿ ಕಾರ್ಲೋಸ್ ಆಲ್ವರೆಸ್ ಹಾಕಿದ ಗೋಲಿಂದ 3-2 ಗೆದ್ದು ಮೇಲೆ ಹತ್ತಿದ್ರು. ಎರಡು ವರ್ಷದ ಹಿಂದೆ ಕೊನೇ ನಿಮಿಷದಲ್ಲಿ ಹೋದದ್ದು ಕೊನೇ ನಿಮಿಷದಲ್ಲೇ ವಾಪಸ್ ಬಂತು. ಎರಡನೇ ಸ್ಥಾನ ಎಲ್ಚೆಗೆ, 77 ಪಾಯಿಂಟ್, ಅವರು ಕೊನೇ ದಿನ ಡೆಪೋರ್ತಿವೊದ ಊರಿಗೇ ಹೋಗಿ 4-0 ಹೊಡೆದು ಹಬ್ಬ ಮಾಡಿದ್ರು.

ಪ್ರಶ್ನೆ: ರಿಯಲ್ ಮ್ಯಾಡ್ರಿಡಿನ ಬಿ ಟೀಮು ಸೆಗುಂದಾ ಗೆದ್ರೆ ಲಾ ಲಿಗಾದಲ್ಲಿ ಎರಡು ಮ್ಯಾಡ್ರಿಡ್ ಆಡ್ತದಾ?
– ಕಾರ್ಕಳದಿಂದ ಒಬ್ಬರು

ಇಲ್ಲ. ತಾಯಿ ಟೀಮು ಇರುವ ಡಿವಿಷನ್‌ಗೆ ಮರಿ ಟೀಮು ಹೋಗ್ಲಿಕ್ಕೆ ಇಲ್ಲ. ಮ್ಯಾಡ್ರಿಡಿನ ಬಿ ಟೀಮು ಕಾಸ್ತಿಯಾ 1983-84ರಲ್ಲಿ ನಿಜವಾಗಿಯೂ ಸೆಗುಂದಾ ಗೆದ್ದಿತ್ತು, ಆದ್ರೂ ಅಲ್ಲೇ ಉಳೀಬೇಕಾಯ್ತು. ಅದಕ್ಕೂ ಮೊದಲು 1980ರಲ್ಲಿ ಕೋಪಾ ದೆಲ್ ರೇ, ಅಂದ್ರೆ ಬೇರೆ ಬೇರೆ ಡಿವಿಷನಿನವರು ಆಡುವ ಸ್ಪೇನಿನ ಕಪ್, ಅದರ ಫೈನಲಿಗೇ ಬಂದು, ಅಲ್ಲಿ ಎದುರು ಸಿಕ್ಕಿದ್ದು ಸ್ವಂತ ರಿಯಲ್ ಮ್ಯಾಡ್ರಿಡ್, 6-1 ಸೋತ್ರು.

ಪ್ರಶ್ನೆ: ಅಣ್ಣ, ನಾನು ಮಿರಾಂಡೆಸ್ ಕಡೆ ಇದ್ದೆ. ಅಷ್ಟು ಸಣ್ಣ ಟೀಮು ಅಷ್ಟು ಹತ್ತಿರ ಬಂದು ಸೋತದ್ದು ನನಗೆ ಇನ್ನೂ ಮನಸ್ಸಿಂದ ಹೋಗ್ಲಿಲ್ಲ. ಅವರ ಬಗ್ಗೆ ಯಾರೂ ಬರೀಲಿಲ್ಲ.
– ಮೀನು ವ್ಯಾಪಾರದ ಹುಡುಗ, ಉಳ್ಳಾಲ

ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ಮಿರಾಂಡೆಸ್ ಟೀಮಿನ ಊರು ಮಿರಾಂದಾ ದೆ ಎಬ್ರೊ, ಅಲ್ಲಿ ಇರುದು ಸುಮಾರು 35 ಸಾವಿರ ಜನ. ಆಂದುವಾ ಅಂತ ಅವರ ಸ್ಟೇಡಿಯಂ, ಅದರಲ್ಲಿ ಆರು ಸಾವಿರ ಜನ ಕೂತ್ಕೊಳ್ಲಿಕ್ಕೂ ಜಾಗ ಇಲ್ಲ. ದೊಡ್ಡ ಕ್ಲಬ್ಬುಗಳು ಸಾಲ ಕೊಟ್ಟ ಹುಡುಗ್ರನ್ನು ಒಟ್ಟು ಮಾಡಿ ಟೀಮು ಕಟ್ಟುದು, ಸೀಸನ್ ಮುಗಿದಾಗ ಅವ್ರು ವಾಪಸ್, ಮುಂದಿನ ವರ್ಷ ಪುನಃ ಮೊದಲಿಂದ ಶುರು. 2024-25ರಲ್ಲಿ ಗೋಲಿನ ಮೇಲೆ ಗೋಲು ಹಾಕಿದ ಪಾನಿಕೆಲ್ಲಿಯೂ ಅಲಾವೆಸ್‌ನಿಂದ ಲೋನಲ್ಲಿ ಬಂದ ಹುಡುಗನೇ. ಹೀಗಿರುವ ಟೀಮು ನಾಲ್ಕನೇ ಸ್ಥಾನ ಬಂದು, ಪ್ಲೇಆಫ್ ಸೆಮಿಫೈನಲಲ್ಲಿ ರೇಸಿಂಗ್ ಸಾಂತಾಂದೆರ್ ಊರಲ್ಲಿ 3-3 ಮಾಡಿ, ತಮ್ಮೂರಲ್ಲಿ 4-1 ಹೊಡೆದು ಫೈನಲಿಗೆ ಬಂತು. ಒವಿಯೆಡೊ ಎದುರಿನ ಫೈನಲಿನ ಮೊದಲ ಲೆಗ್ಗನ್ನೂ 1-0 ಗೆದ್ದಿತ್ತು.

ಎರಡನೇ ಲೆಗ್, 2025ರ ಜೂನ್ 21, ಒವಿಯೆಡೊ ಊರಲ್ಲಿ. ಪಾನಿಕೆಲ್ಲಿ ಶುರುವಿಗೇ ಒಂದು ಹಾಕಿದಾಗ ಒಟ್ಟು ಲೆಕ್ಕ 2-0. ನನಗೂ ಆಗ ಮುಗೀತು ಅನ್ನಿಸಿತ್ತು. ಆದ್ರೆ ಒವಿಯೆಡೊ ಎರಡು ಹಾಕಿ ಸಮ ಮಾಡಿತು, ಮಣಿಪಾಲದವರಿಗೆ ಮೇಲೆ ಹೇಳಿದ ನಿಯಮ ಇಲ್ಲಿಗೆ ಬಂತು ನೋಡು. ಒವಿಯೆಡೊ ಮೂರನೇದು, ಮಿರಾಂಡೆಸ್ ನಾಲ್ಕನೇದು, ಅಂದ್ರೆ ಸಮ ಆದ ಕ್ಷಣದಿಂದ ಮಿರಾಂಡೆಸ್ ಸೋಲ್ತಾ ಇದ್ದ ಹಾಗೆಯೇ. ಗೋಲು ಬೇಕೇ ಬೇಕಾದವರು ಮುಂದೆ ನುಗ್ಗಲೇಬೇಕು, ಮುಂದೆ ನುಗ್ಗಿದ್ರೆ ಹಿಂದೆ ಜಾಗ ಬಿಡ್ತದೆ. ಎಕ್ಸ್‌ಟ್ರಾ ಟೈಮಲ್ಲಿ ಒವಿಯೆಡೊದ ಪೋರ್ತಿಯೊ ಗೋಲು ಬಂತು, ಆ ಮ್ಯಾಚು 3-1, ಒಟ್ಟು ಲೆಕ್ಕ 3-2.

ಇಡೀ ಕ್ಲಬ್ಬಿನ ಚರಿತ್ರೆಯಲ್ಲಿ ಮಿರಾಂಡೆಸ್ ಒಮ್ಮೆಯೂ ಲಾ ಲಿಗಾ ಆಡಿಲ್ಲ. ಆದ್ರೆ 2012ರಲ್ಲಿ ಮೂರನೇ ಡಿವಿಷನಲ್ಲಿ ಇದ್ದಾಗಲೇ ಕೋಪಾ ದೆಲ್ ರೇ ಸೆಮಿಫೈನಲ್ ಆಡಿದವರು ಅವರು, 2020ರಲ್ಲಿ ಮತ್ತೊಮ್ಮೆ ಆಡಿದ್ರು. ನೀನು ಹಿಡಿದದ್ದು ಒಳ್ಳೇ ಟೀಮನ್ನೇ, ಬಿಡ್ಬೇಡ.

ಪ್ರಶ್ನೆ: ನನ್ನ ಮಗ ಏಳನೇ ಕ್ಲಾಸು. ಒವಿಯೆಡೊದಲ್ಲಿ ಆ ಸೀಸನಲ್ಲಿ ಒಬ್ಬ 40 ವರ್ಷದ ಆಟಗಾರ ಇದ್ದನಂತೆ, ಫ್ರೀಯಾಗಿ ಆಡ್ತಿದ್ದನಂತೆ, ಕಾಲಿಗೆ ಕೈಯ ಚರ್ಮ ಹಾಕಿದ್ದಾರಂತೆ, ದಿನಾ ಇದೇ ಕಥೆ. ಇದೆಲ್ಲ ನಿಜವಾ ಅಥವಾ ಫೋನಲ್ಲಿ ಯಾರೋ ಬಿಟ್ಟದ್ದಾ? ಮತ್ತೆ ಇವನಿಗೆ ಎಡಗಾಲಲ್ಲಿ ಹೊಡೀಲಿಕ್ಕೆ ಬರುದಿಲ್ಲ ಅಂತ ಮೊನ್ನೆ ಮೈದಾನದಿಂದ ಅಳ್ತಾ ಬಂದ, ಎಂತ ಹೇಳುದು?
– ಒಬ್ಬ ತಾಯಿ, ಕುಂದಾಪುರ

ಅಕ್ಕ, ಹೆಚ್ಚು ಕಡಿಮೆ ಎಲ್ಲವೂ ನಿಜ. ಅವರ ಹೆಸರು ಸಾಂತಿ ಕಜೋರ್ಲಾ. ಸ್ಪೇನ್ ಜೊತೆ 2008 ಮತ್ತು 2012ರ ಯುರೋ ಕಪ್ ಗೆದ್ದವರು, ಆರ್ಸೆನಲಲ್ಲಿ ಆಡಿದವರು. ಒವಿಯೆಡೊ ಪಕ್ಕದ ಊರಿನವರು, ಸಣ್ಣದಿರುವಾಗಲೇ ಒವಿಯೆಡೊದ ಮಕ್ಕಳ ಟೀಮು ಸೇರಿದವರು. 2003ರಲ್ಲಿ ಕ್ಲಬ್ಬು ದಿವಾಳಿಯ ಅಂಚಿಗೆ ಬಂತು, ಆಟಗಾರರಿಗೆ ಸಂಬಳ ಕೊಡ್ಲಿಕ್ಕೆ ಆಗದೆ ಒಂದೇ ಸಲಕ್ಕೆ ನಾಲ್ಕನೇ ಡಿವಿಷನ್‌ಗೆ ದಬ್ಬಿಸಿಕೊಂಡಿತು, ಆಗ 18 ವರ್ಷದ ಈ ಹುಡುಗ ಒವಿಯೆಡೊದ ದೊಡ್ಡ ಟೀಮಲ್ಲಿ ಒಂದು ಮ್ಯಾಚೂ ಆಡದೆ ವಿಯಾರಿಯಲ್ ಕ್ಲಬ್ಬಿಗೆ ಹೋಗ್ಬೇಕಾಯ್ತು.

2012ರಲ್ಲಿ ಪುನಃ ಕ್ಲಬ್ಬು ಮುಚ್ಚುವ ಹಂತಕ್ಕೆ ಬಂತು. ಆಗ 10.75 ಯುರೋಗೆ ಒಂದು ಷೇರಿನ ಹಾಗೆ ಮಾರ್ಲಿಕ್ಕೆ ಇಟ್ರು, ಜಗತ್ತಿನ ಮೂಲೆ ಮೂಲೆಯಿಂದ ಸಾವಿರಾರು ಜನ ತಗೊಂಡ್ರು. ಅಲ್ಲೇ ಬೆಳೆದು ಬೇರೆ ಕಡೆ ಹೆಸರು ಮಾಡಿದ ಕಜೋರ್ಲಾ, ಮಾಟಾ, ಮಿಚು ಇವರೂ ಹಣ ಹಾಕಿದ್ರು. ಕೊನೆಗೆ ಮೆಕ್ಸಿಕೋದ ಕುಬೇರ ಕಾರ್ಲೋಸ್ ಸ್ಲಿಮ್ ದೊಡ್ಡ ಮೊತ್ತ ಹಾಕಿ ಕ್ಲಬ್ಬು ಉಳೀತು. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಬೊಂಬಾಯಿಯಿಂದ, ದುಬೈಯಿಂದ ನಮ್ಮವರು ಕಳಿಸುದಿಲ್ವಾ, ನನಗೆ ಅದೇ ನೆನಪಾದದ್ದು.

ಇನ್ನು ಕಾಲಿನ ವಿಷಯ. ಆರ್ಸೆನಲಲ್ಲಿದ್ದಾಗ 2016ರಲ್ಲಿ ಬಲಗಾಲಿನ ಹಿಮ್ಮಡಿ ಹತ್ರದ ಗಾಯಕ್ಕೆ ಆಪರೇಷನ್ ಮೇಲೆ ಆಪರೇಷನ್ ಆಯ್ತು, ಗಾಯದೊಳಗೆ ಸೋಂಕು ಹತ್ತಿ ಹಿಮ್ಮಡಿಯ ಸ್ನಾಯುರಜ್ಜಿನಲ್ಲಿ ಎಂಟು ಸೆಂಟಿಮೀಟರಿನಷ್ಟು ತಿಂದೇ ಹೋಗಿತ್ತು. ಮಗನ ಜೊತೆ ತೋಟದಲ್ಲಿ ನಡೆದಾಡ್ಲಿಕ್ಕೆ ಆದ್ರೆ ಅದೇ ದೊಡ್ಡದು ಅಂತ ಡಾಕ್ಟ್ರು ಹೇಳಿದ್ರು. ಗಾಯ ಮುಚ್ಚಲಿಕ್ಕೆ ಎಡಗೈಯಿಂದ ಚರ್ಮ ತೆಗೆದು ಹಾಕಿದ್ರು, ಆ ಕೈಯಲ್ಲಿ ಮಗಳ ಹೆಸರಿನ ಟ್ಯಾಟೂ ಇತ್ತು, ಹಾಗಾಗಿ ಹೆಸರಿನ ಒಂದು ತುಂಡು ಈಗ ಕಾಲಲ್ಲಿ ಉಂಟು. ಮಗಳ ಹೆಸರು ಎಂತ ಗೊತ್ತುಂಟಾ ಅಕ್ಕ? ಇಂಡಿಯಾ. ಇದನ್ನು ಮಗನಿಗೆ ಹೇಳಿ, ಅವನಿಗೆ ಗೊತ್ತಿರ್ಲಿಕ್ಕಿಲ್ಲ.

2023ರಲ್ಲಿ ಒವಿಯೆಡೊಗೆ ವಾಪಸ್ ಬಂದ್ರು. ಹಣ ಬೇಡ ಅಂತಲೇ ಹೇಳಿದ್ದು, ಆದ್ರೆ ನಿಯಮದ ಪ್ರಕಾರ ಕನಿಷ್ಠ ಸಂಬಳ ಕೊಡಲೇಬೇಕು, ಅಷ್ಟೇ ತಗೊಂಡ್ರು. ತನ್ನ ಜೆರ್ಸಿ ಮಾರಿದ ಹಣದಲ್ಲಿ 10 ಪರ್ಸೆಂಟ್ ಮಕ್ಕಳ ಅಕಾಡೆಮಿಗೆ ಹೋಗ್ಬೇಕು ಅಂತ ಷರತ್ತು ಹಾಕಿದ್ರು. ಮೊದಲ ಸೀಸನಲ್ಲಿ, 2024ರ ಫೈನಲಲ್ಲಿ, ಒವಿಯೆಡೊ ಮನೆಯಲ್ಲಿ 1-0 ಗೆದ್ದು ಎಸ್ಪಾನ್ಯೋಲ್ ಊರಲ್ಲಿ 2-0 ಸೋತಿತು. ಮುಂದಿನ ವರ್ಷ ಆ ಮಿರಾಂಡೆಸ್ ಮ್ಯಾಚು.

ಅದನ್ನು ನಾನು ಉಡುಪಿಯ ಮನೆಯಲ್ಲಿ ನೋಡಿದ್ದು. ನಮ್ಮಲ್ಲಿ ನಡುರಾತ್ರಿ ಕಳೆದಿತ್ತು, ಹೊರಗೆ ಆ ಜೂನ್ ಮಳೆ, ಕರೆಂಟ್ ಹೋಗಿ ಇನ್ವರ್ಟರಲ್ಲಿ ರೂಟರ್ ಮಾತ್ರ ಓಡ್ತಾ ಇತ್ತು, ಮೊಬೈಲನ್ನು ಸ್ಟೀಲ್ ಲೋಟಕ್ಕೆ ಒರಗಿಸಿ ಇಟ್ಟಿದ್ದೆ. ನೀರು ಕುಡೀಲಿಕ್ಕೆ ಎದ್ದ ಅಮ್ಮ, ಇದೆಂತ ಇಷ್ಟೊತ್ತಿಗೆ ಅಂತ ಬಂದ್ರು, ಸರೀ ಆ ಹೊತ್ತಿಗೆ ಒವಿಯೆಡೊಗೆ ಪೆನಾಲ್ಟಿ. ಚೆಂಡು ಇಟ್ಟದ್ದು ಕಜೋರ್ಲಾ. ಅಮ್ಮನಿಗೆ ಫುಟ್‌ಬಾಲ್ ಗೊತ್ತಿಲ್ಲ, ಈ ಪ್ರಾಯದವರನ್ನು ಯಾಕೆ ಓಡಿಸ್ತಾರೆ ಪಾಪ ಅಂತ ಕೇಳಿದ್ರು, ನಾನು ಎರಡು ಮಾತಲ್ಲಿ ಕಾಲಿನ ಕಥೆ ಹೇಳಿದೆ, ಅವ್ರು ಹಾಗೇ ಕುರ್ಚಿ ಎಳ್ಕೊಂಡು ಕೂತ್ರು. ಗೋಲು ಆಯ್ತು. ಅಮ್ಮ ಮತ್ತೆ ಮಲಗ್ಲಿಕ್ಕೆ ಹೋಗ್ಲಿಲ್ಲ, ಎಕ್ಸ್‌ಟ್ರಾ ಟೈಮ್ ಮುಗಿದು ಜನ ಮೈದಾನಕ್ಕೆ ನುಗ್ಗುವವರೆಗೂ ಇದ್ರು. 2001ರಲ್ಲಿ ಕೆಳಗೆ ಬಿದ್ದ ಟೀಮು 24 ವರ್ಷ ಆದ ಮೇಲೆ ಲಾ ಲಿಗಾಕ್ಕೆ ವಾಪಸ್, ಕೋಚ್ ಪೌನೋವಿಚ್ ಕೂಡ 2001ರಲ್ಲಿ ಆ ಟೀಮಲ್ಲಿ ಆಡ್ತಾ ಇದ್ದವರೇ. ನನ್ನ ಕಣ್ಣು ತುಂಬಿತ್ತು ಅಕ್ಕ, ಹೇಳ್ಲಿಕ್ಕೆ ನಾಚಿಕೆ ಎಂತ ಇಲ್ಲ.

ಇನ್ನು ಮಗನ ಎಡಗಾಲು. ಕಜೋರ್ಲಾ ಎರಡೂ ಕಾಲಲ್ಲಿ ಒಂದೇ ಹಾಗೆ ಹೊಡೆಯುವವರು, ಕಾರ್ನರನ್ನು ಒಮ್ಮೆ ಬಲಗಾಲಲ್ಲಿ ತೆಗೆದ್ರೆ ಇನ್ನೊಮ್ಮೆ ಎಡಗಾಲಲ್ಲಿ ತೆಗೀತಾರೆ. ಮಗನಿಗೆ ಆ ವಿಡಿಯೋ ತೋರಿಸಿ. ಮತ್ತೆ ಮನೆಯ ಹಿಂದಿನ ಗೋಡೆಗೆ, ನಾಲ್ಕು ಹೆಜ್ಜೆ ದೂರ ನಿಂತು, ದಿನಾ ಸಂಜೆ ಎಡಗಾಲಲ್ಲಿ ಮಾತ್ರ ಐವತ್ತು ಪಾಸು, ಜೋರು ಬೇಡ, ಪಾದದ ಒಳಬದಿಯಲ್ಲಿ ಹೊಡೆದು ವಾಪಸ್ ಬಂದ ಚೆಂಡನ್ನು ಅದೇ ಕಾಲಲ್ಲಿ ನಿಲ್ಲಿಸ್ಬೇಕು. ಮೊದಲು ಚೆಂಡು ತೆಂಗಿನ ಬುಡಕ್ಕೆ, ಬಾವಿಕಟ್ಟೆಗೆ ಎಲ್ಲೆಲ್ಲಿಗೋ ಹೋಗ್ತದೆ, ಬೈಬೇಡಿ. ದೀಪಾವಳಿ ಹೊತ್ತಿಗೆ ಹೇಗಾಯ್ತು ಅಂತ ಅವನ ಕೈಯಲ್ಲೇ ಬರೆಸಿ ಕಳಿಸಿ, ನಾನು ಕಾಯ್ತಾ ಇರ್ತೇನೆ.