ವೆಬ್‌ಸೈಟ್ ಆದಾಯ ನಂಬಿ ರಾಜೀನಾಮೆ: ಡೊಂಬಿವಲಿ ದಂಪತಿಯ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಉದ್ಯೋಗ, ಸೈಟಿನ ವಿವರಗಳನ್ನು ಬದಲಿಸಿದ್ದೇವೆ.)

ಗಂಡನಿಗೆ 39. ನವಿ ಮುಂಬಯಿಯ ಸಾಗಣೆ ಕಂಪೆನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ, ಕೈಗೆ ಸಿಗುವ ಸಂಬಳ 62,000 ರೂ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್. ಮಗಳು ಒಂಬತ್ತನೇ ತರಗತಿ. ಡೊಂಬಿವಲಿಯ ಫ್ಲ್ಯಾಟಿನ ಸಾಲದ ಕಂತು ತಿಂಗಳಿಗೆ 31,000. ಗಂಡ ನಾಲ್ಕು ವರ್ಷದಿಂದ ಒಂದು ಕನ್ನಡ ವೆಬ್‌ಸೈಟ್ ನಡೆಸುತ್ತಿದ್ದಾರೆ. ಮುಂಬಯಿ, ಪುಣೆ, ಗೋವಾ ಕಡೆಯಿಂದ ಊರಿಗೆ ಹೋಗುವ ರೈಲು-ಬಸ್ಸುಗಳ ಮಾಹಿತಿ, ಹಬ್ಬದ ಅಡುಗೆ, ಮತ್ತೆ ಊರಿನ ಜಮೀನಿನ ಪಹಣಿ, ಖಾತೆ ಕೆಲಸಗಳನ್ನು ಇಲ್ಲಿಂದಲೇ ಮಾಡಿಸಿಕೊಳ್ಳುವ ಬಗೆ. ಬರವಣಿಗೆ ಚೆನ್ನಾಗಿದೆ, ಓದುವವರೂ ಇದ್ದಾರೆ. ಗಳಿಕೆ ಬರುವುದು ಗೂಗಲ್‌ನ ಆಡ್‌ಸೆನ್ಸ್‌ನಿಂದ, ಅಂದರೆ ಸೈಟುಗಳಲ್ಲಿ ಜಾಹೀರಾತು ತೋರಿಸಿ ಸೈಟಿನವರಿಗೆ ಪಾಲು ಕೊಡುವ ಸೇವೆಯಿಂದ. ಅದನ್ನೇ ನಂಬಿ ಗಂಡ ಕೆಲಸ ಬಿಡಲು ಹೊರಟಿದ್ದರು. ರಾಜೀನಾಮೆ ಪತ್ರವನ್ನು ಮೇಲ್‌ನ ಡ್ರಾಫ್ಟಿನಲ್ಲಿ ಇಟ್ಟಿದ್ದನ್ನು ಹೆಂಡತಿ ನೋಡಿದ ಮೇಲೆ ಇಬ್ಬರೂ ಸಲಹೆ ಕೇಳಿ ನಮ್ಮಲ್ಲಿಗೆ ಬಂದರು.

ಮೊದಲ ಭೇಟಿಗೆ ಇಬ್ಬರೂ ಒಂದೊಂದು ಸಾಕ್ಷ್ಯ ತಂದಿದ್ದರು. ಗಂಡನ ಕೈಯಲ್ಲಿ, ಸೈಟಿನ ವಿಳಾಸ ಹಾಕಿದರೆ ಬೆಲೆ ಹೇಳುವ ಉಚಿತ ಟೂಲ್ ಒಂದರ ಪ್ರಿಂಟ್‌ಔಟ್: ತಿಂಗಳ ಜಾಹೀರಾತು ಆದಾಯ 1,897 ಡಾಲರ್. ಹೆಂಡತಿಯ ಕೈಯಲ್ಲಿ ಬ್ಯಾಂಕ್ ಪಾಸ್‌ಬುಕ್: ಒಂಬತ್ತು ತಿಂಗಳಲ್ಲಿ ಮೂರೇ ಜಮೆ, ಒಂದೊಂದೂ ಹನ್ನೊಂದು ಸಾವಿರ ಚಿಲ್ಲರೆ. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತಿದ್ದಾರೆ" ಎಂದು ಹೆಂಡತಿ. "ಗೊತ್ತಿಲ್ಲದ ವಿಷಯಕ್ಕೆ ಕೈ ಹಾಕ್ತಾಳೆ" ಎಂದು ಗಂಡ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ನೋಡುತ್ತಿದ್ದ ಅಂಕಿಗಳು ಬೇರೆ, ಅಷ್ಟೇ. ಇಂಥ ಜಗಳದಲ್ಲಿ ಮನಸ್ಸಿನ ಮಾತಿಗೆ ಮೊದಲು ಲೆಕ್ಕದ ಮಾತು ಮುಗಿಸುವುದು ಒಳ್ಳೆಯದು. ಇಲ್ಲದಿದ್ದರೆ ಪ್ರತಿ ಸಮಾಧಾನವೂ ಯಾರೋ ಒಬ್ಬರ ಪಕ್ಷ ಹಿಡಿದಂತೆ ಕೇಳಿಸುತ್ತದೆ.

ಟೂಲಿನ ಅಂಕಿಯನ್ನು ಬಿಚ್ಚಿದೆವು. ದಿನಕ್ಕೆ 6,200 ಜನ, ಒಬ್ಬೊಬ್ಬರು 3.4 ಪುಟ, ಅಂದರೆ ತಿಂಗಳಿಗೆ 6,32,400 ಪೇಜ್ ವ್ಯೂ (ಪುಟ ತೆರೆದ ಎಣಿಕೆ), ಸಾವಿರಕ್ಕೆ 3 ಡಾಲರ್. ಈ ಮೂರರಲ್ಲಿ ಒಂದನ್ನೂ ಅದು ಅಳೆದಿಲ್ಲ. ಹೊರಗಿನವರಿಗೆ ಸೈಟಿನ ಟ್ರಾಫಿಕ್ ಕಾಣುವುದೇ ಇಲ್ಲ. ಇಂಥ ಅನೇಕ ಟೂಲುಗಳು ಹಿಂದೆ ಸೈಟುಗಳ ಜನಪ್ರಿಯತೆಯ ಪಟ್ಟಿಯಾಗಿದ್ದ ಅಲೆಕ್ಸಾ ರ‍್ಯಾಂಕ್ ನೋಡಿ ಊಹಿಸುತ್ತಿದ್ದವು. ಆ ಸೇವೆ 2022ರ ಮೇ ತಿಂಗಳಲ್ಲಿ ಮುಚ್ಚಿತು, ಊಹೆ ನಿಲ್ಲಲಿಲ್ಲ. ದೊಡ್ಡ ಸುದ್ದಿತಾಣಗಳಿಗೆ ಊಹೆ ಅಷ್ಟಿಷ್ಟು ಹೊಂದೀತು, ಇಂಥ ಸಣ್ಣ ಕನ್ನಡ ಸೈಟಿಗೆ ಅದು ಬರೀ ಗಾಳಿಮಾತು. ಅವರದೇ ಅನಲಿಟಿಕ್ಸ್ (ಸೈಟಿಗೆ ಬಂದವರನ್ನು ಎಣಿಸುವ ವರದಿ) ತೆರೆದರೆ ಸಾಧಾರಣ ತಿಂಗಳಿಗೆ 70,000 ಪೇಜ್ ವ್ಯೂ. ಪುಟಗಳ ಎಣಿಕೆಯಲ್ಲೇ ಟೂಲ್ ಒಂಬತ್ತು ಪಟ್ಟು ಎತ್ತರಿಸಿತ್ತು. ದರದಲ್ಲಿ ಮತ್ತೆ ನಾಲ್ಕೂವರೆ ಪಟ್ಟು, ನಿಜವಾಗಿ ಸಿಗುತ್ತಿದ್ದದ್ದು ಸಾವಿರಕ್ಕೆ ಸುಮಾರು 0.66 ಡಾಲರ್.

ಗಂಡ ಸ್ವಂತದ್ದೊಂದು ಲೆಕ್ಕವನ್ನೂ ಹಾಕಿದ್ದರು. ಅದು ಇನ್ನೂ ಅಪಾಯದ್ದು, ಯಾಕೆಂದರೆ ನೋಡಲು ಶಾಸ್ತ್ರೀಯವಾಗಿದೆ. ಹುಡುಕುವ ಪದಗಳಿಗೆ ಜಾಹೀರಾತಿನ ದರ ತೋರಿಸುವ ಗೂಗಲ್‌ನ ಕೀವರ್ಡ್ ಪ್ಲ್ಯಾನರ್‌ನಲ್ಲಿ ಮುಂಬಯಿ-ಬೆಂಗಳೂರು ಬಸ್ಸಿನ ಪದಕ್ಕೆ ಬಿಡ್ 38 ರೂ. ಕಂಡಿದೆ. ಅತಿ ಹೆಚ್ಚು ಓದು ಬಂದ ತಿಂಗಳ 1,40,000 ಪೇಜ್ ವ್ಯೂಗೆ ಶೇ 2 ಕ್ಲಿಕ್ ಹಿಡಿದು, 2,800 ಕ್ಲಿಕ್ಕಿಗೆ 38ರಂತೆ 1,06,400 ರೂ. ಎಂದು ಬರೆದಿದ್ದಾರೆ. ಇದರಲ್ಲಿ ಹಲವು ತಪ್ಪುಗಳು ಒಂದರ ಮೇಲೊಂದು ಕೂತಿವೆ. ಆ 38 ರೂಪಾಯಿ ಗೂಗಲ್ ಹುಡುಕಾಟದ ಪುಟದ ಮೇಲ್ಭಾಗಕ್ಕೆ ಜಾಹೀರಾತುದಾರ ಕೊಡಲು ಸಿದ್ಧನಿರುವ ದರ. ಆಗಲೇ ಟಿಕೆಟ್ ಕೊಳ್ಳಲು ಹೊರಟವನಿಗೆ ಆ ಬೆಲೆ. ಲೇಖನದ ನಡುವಿನ ಚೌಕಕ್ಕೆ ಅದು ಸಿಗುವುದಿಲ್ಲ. ಸಿಕ್ಕ ಹಣವೂ ಪೂರ್ತಿ ಸೈಟಿನವರಿಗೆ ಬರುವುದಿಲ್ಲ, ನಡುವಿನವರ ಪಾಲು ಕಳೆದು ಸುಮಾರು ಮೂರರಲ್ಲಿ ಎರಡು ಭಾಗ. ಶೇ 2 ಎಂಬುದು ಆಸೆಯ ಅಂಕಿ, ಇವರ ವರದಿಯಲ್ಲಿ ಇದ್ದದ್ದು 0.6. ಮೇಲಾಗಿ 2024ರ ಆರಂಭದಿಂದ ಆಡ್‌ಸೆನ್ಸ್ ಹಣ ಕೊಡುವುದು ಕ್ಲಿಕ್ಕಿಗಲ್ಲ, ಜಾಹೀರಾತು ಕಾಣಿಸಿದ್ದಕ್ಕೆ. ಕ್ಲಿಕ್ ದರದಿಂದ ಶುರುವಾಗುವ ಲೆಕ್ಕಕ್ಕೆ ಈಗ ಆ ಆಧಾರವೂ ಉಳಿದಿಲ್ಲ. ಇನ್ನು, ವರ್ಷದ ಅತಿ ಭರದ ತಿಂಗಳನ್ನೇ ಸರಾಸರಿ ಎಂದು ಹಿಡಿದದ್ದು.

ಆಡ್‌ಸೆನ್ಸ್‌ನವರದೇ ಕ್ಯಾಲ್‌ಕ್ಯುಲೇಟರ್ ಬಗ್ಗೆಯೂ ಕೇಳಿದರು. ಅದು ವಿಷಯ ಮತ್ತು ಪ್ರದೇಶ ಆರಿಸಲು ಹೇಳುತ್ತದೆ, ಆದರೆ ಪ್ರದೇಶವೆಂದರೆ ಇಡೀ ಏಷ್ಯಾ-ಪೆಸಿಫಿಕ್. ಜಪಾನ್, ಆಸ್ಟ್ರೇಲಿಯಾದ ದರ ಅದರಲ್ಲಿ ಬೆರೆತಿರುತ್ತದೆ. ಕನ್ನಡ ಓದುಗರ ಸೈಟಿಗೆ ಅದು ಅಳತೆಗೋಲಲ್ಲ.

ಹಾಗಾದರೆ ಹೇಗೆ ಅಂದಾಜಿಸಬೇಕು? ಅಳತೆ ಒಂದೇ: ಪುಟದ ಆರ್‌ಪಿಎಂ, ಅಂದರೆ ಸಾವಿರ ಪೇಜ್ ವ್ಯೂಗೆ ಕೈಗೆ ಬಂದ ಹಣ. ಗಳಿಕೆಯನ್ನು ಪೇಜ್ ವ್ಯೂಗಳಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಆಯಿತು. ಆದರೆ ಇಡೀ ಸೈಟಿಗೆ ಒಂದೇ ಆರ್‌ಪಿಎಂ ಹಿಡಿದರೆ ಏನೂ ತಿಳಿಯುವುದಿಲ್ಲ. ವರದಿಯನ್ನು ದೇಶವಾರು ಒಡೆಯಬೇಕು. ಎರಡನೇ ಭೇಟಿಗೆ 90 ದಿನದ ವರದಿಯನ್ನು ಹಾಗೆ ಒಡೆದು ತರಲು ಹೇಳಿದೆವು. ಅವರ ಸಾಧಾರಣ ತಿಂಗಳು ಹೀಗಿತ್ತು: ಭಾರತದಿಂದ 60,000 ವ್ಯೂ, ಸಾವಿರಕ್ಕೆ 0.40 ಡಾಲರ್, ಒಟ್ಟು 24 ಡಾಲರ್. ಗಲ್ಫ್ ದೇಶಗಳಿಂದ 7,000, ಸಾವಿರಕ್ಕೆ 1.40, ಒಟ್ಟು 9.80. ಅಮೆರಿಕ ಮತ್ತು ಯೂರೋಪಿನಿಂದ 3,000, ಸಾವಿರಕ್ಕೆ 4.20, ಒಟ್ಟು 12.60. ಕೂಡಿದರೆ 46.40 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೆ 3,944 ರೂ.

ಪಾಸ್‌ಬುಕ್ಕಿನ ಮೂರೇ ಜಮೆಗಳ ಗುಟ್ಟೂ ಇಲ್ಲೇ ಬಿಚ್ಚಿಕೊಂಡಿತು. ಬಾಕಿ 100 ಡಾಲರ್ ಮುಟ್ಟುವವರೆಗೆ ಹಣ ಹೊರಡುವುದಿಲ್ಲ. ಮೊದಲ ತಿಂಗಳ ಕೊನೆಗೆ 46, ಎರಡನೆಯದಕ್ಕೆ 93, ಮೂರನೆಯದಕ್ಕೆ 139. ನಾಲ್ಕನೇ ತಿಂಗಳ 21ರಿಂದ 26ರ ನಡುವೆ ಪಾವತಿ, ಬ್ಯಾಂಕಿನ ಶುಲ್ಕ ಕಳೆದು ಹನ್ನೊಂದು ಸಾವಿರ ಚಿಲ್ಲರೆ. ಹೆಂಡತಿ ಇದನ್ನು ಕ್ಯಾಲ್‌ಕ್ಯುಲೇಟರ್ ಹಿಡಿದು ತಾವೇ ಮತ್ತೊಮ್ಮೆ ಮಾಡಿ ನೋಡಿದರು. ಗಂಡ ಹಣ ಎಲ್ಲೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಅವರಿಗಿತ್ತು, ಅದನ್ನು ಬಾಯಿಬಿಟ್ಟು ಹೇಳಿದ್ದು ಆಗಲೇ.

ಭರದ ತಿಂಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಎಲ್ಲರೂ ಎಡವುವುದು ಅಲ್ಲಿ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಹಾಗಾಗಿ ಚೌತಿಗೆ ಎರಡು ತಿಂಗಳು ಮೊದಲು ಮತ್ಸ್ಯಗಂಧ, ಉದ್ಯಾನ್ ಎಕ್ಸ್‌ಪ್ರೆಸ್‌ಗಳ ಪುಟಗಳಿಗೆ ಜನ ಮುಗಿಬೀಳುತ್ತಾರೆ. ಅವರ ವ್ಯೂಗಳು ಇಮ್ಮಡಿಯಾದ ತಿಂಗಳಲ್ಲಿ ಆದಾಯ ಬಂದದ್ದು 65 ಡಾಲರ್ ಮಾತ್ರ. ಆರ್‌ಪಿಎಂ 0.66ರಿಂದ 0.46ಕ್ಕೆ ಬಿತ್ತು. ಕಾರಣ ಎರಡು. ರೈಲಿನ ಸಮಯ ನೋಡಲು ಬಂದವನು ಹತ್ತು ಸೆಕೆಂಡಿನಲ್ಲಿ ಹೊರಟುಹೋಗುತ್ತಾನೆ, ಕೆಳಗಿನ ಜಾಹೀರಾತುಗಳು ತೆರೆಗೆ ಬರುವುದೇ ಇಲ್ಲ. ಜಾಹೀರಾತಿನ ಅರ್ಧ ಭಾಗ ಕನಿಷ್ಠ ಒಂದು ಸೆಕೆಂಡ್ ಕಂಡರೆ ಮಾತ್ರ ಅದನ್ನು 'ನೋಡಿದ್ದು' ಎಂದು ಎಣಿಸುತ್ತಾರೆ. ಇನ್ನೊಂದು, ಕಂಪೆನಿಗಳು ಕೈಬಿಚ್ಚಿ ಖರ್ಚು ಮಾಡುವುದು ದಸರಾ-ದೀಪಾವಳಿಗೆ. ಓದುಗರ ಹಬ್ಬವೂ ಜಾಹೀರಾತುದಾರರ ಹಬ್ಬವೂ ಒಂದೇ ತಿಂಗಳಲ್ಲಿ ಬರಲಿಲ್ಲ.

ಸೈಟನ್ನು ಫೋನಿನಲ್ಲಿ ತೆರೆದು ನೋಡಿದೆವು. ಮತ್ಸ್ಯಗಂಧದ ಪುಟ. ಶೀರ್ಷಿಕೆ, ಅದರ ಕೆಳಗೆ ಜಾಹೀರಾತು, ಎರಡು ಸಾಲು ಪೀಠಿಕೆ, ಮತ್ತೊಂದು ಜಾಹೀರಾತು, ಕೆಳಗಂಚಿಗೆ ಅಂಟಿಕೊಂಡ ಇನ್ನೊಂದು. ಸಮಯದ ಪಟ್ಟಿ ಮೂರನೇ ತೆರೆಯಲ್ಲಿ. ಹೆಂಡತಿ ಹೆಬ್ಬೆರಳಿನಲ್ಲಿ ಸರಿಸುತ್ತಾ ಹೋದರು. ಕುರ್ಲಾ ಎಂಬ ಸಾಲಿನ ಮೇಲೆ ಬೆರಳಿಡುವಷ್ಟರಲ್ಲಿ ಮೇಲೆ ತಡವಾಗಿ ಬಂದ 300×250ರ ಚೌಕ ಇಡೀ ಪಟ್ಟಿಯನ್ನು ಕೆಳಗೆ ತಳ್ಳಿತು, ಬೆರಳು ಜಾಹೀರಾತಿನ ಮೇಲೆ ಬಿತ್ತು. ಹೀಗೆ ಬೀಳುವ ಕ್ಲಿಕ್ಕುಗಳನ್ನು ಗೂಗಲ್ ಅಮಾನ್ಯವೆಂದು ತೆಗೆದುಹಾಕುತ್ತದೆ, ಜಾಹೀರಾತುದಾರನಿಗೆ ಹಣ ಮರಳುತ್ತದೆ. ತಿಂಗಳ ನಡುವೆ ಕಂಡ ಅಂದಾಜು ಗಳಿಕೆ ಕೊನೆಗೆ ಕಡಿಮೆಯಾಗುವುದಕ್ಕೆ ಇದೂ ಒಂದು ಕಾರಣ.

ಕೊಟ್ಟ ಸಲಹೆ ಇಷ್ಟು. ಪ್ರತಿ ಜಾಹೀರಾತಿನ ಜಾಗಕ್ಕೂ ಮೊದಲೇ ಎತ್ತರ ಕಾದಿರಿಸಿ, ಪುಟ ಕುಣಿಯುವುದು ನಿಲ್ಲುತ್ತದೆ. ಪುಟ ಎಷ್ಟು ಕುಣಿಯುತ್ತದೆ ಎಂದು ಗೂಗಲ್ ಅಳೆಯುವ ಸ್ಥಾನಪಲ್ಲಟದ ಅಂಕ (ಸಿಎಲ್‌ಎಸ್) 0.1ರ ಒಳಗಿರಬೇಕು. ರೈಲಿನ ಪುಟಗಳಲ್ಲಿ ಸಮಯದ ಪಟ್ಟಿ ಮೊದಲ ತೆರೆಯಲ್ಲೇ ಬರಲಿ, ಅದರ ಕೆಳಗೊಂದು ಜಾಹೀರಾತು ಸಾಕು. ಮೊಬೈಲ್ ಪುಟದಲ್ಲಿ ಜಾಹೀರಾತು ಮುಖ್ಯ ಬರಹದ ಉದ್ದದ ಶೇ 30 ಮೀರಿದರೆ ಕ್ರೋಮ್ ಅನುಸರಿಸುವ ಮಾನದಂಡಕ್ಕೆ ವಿರುದ್ಧ, ಸೈಟಿನ ಎಲ್ಲ ಜಾಹೀರಾತನ್ನೂ ಬ್ರೌಸರೇ ತಡೆಯಬಹುದು. ಸೈಟಿನ ಜಾಹೀರಾತು ಜಾಗ ಮಾರಲು ಯಾರಿಗೆ ಅಧಿಕಾರವಿದೆ ಎಂದು ಹೇಳುವ ಆಡ್ಸ್ ಡಾಟ್ ಟಿಎಕ್ಸ್‌ಟಿ ಫೈಲ್ ಸರಿಯಿದೆಯೇ ನೋಡಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಒಂದ್ಸಲ ಜಾಹೀರಾತು ಒತ್ತಿ ಬೆಂಬಲಿಸಿ" ಎಂದು ಹಾಕಿದ್ದನ್ನು ಇವತ್ತೇ ಅಳಿಸಿ. ಅತ್ತಿಗೆ, ಷಡ್ಡಕ, ಆಫೀಸಿನ ಗೆಳೆಯರು ಪ್ರೀತಿಯಿಂದ ಒತ್ತಿದ ಕ್ಲಿಕ್ಕುಗಳೇ ಖಾತೆ ಮುಚ್ಚಿಸುತ್ತವೆ, ಮುಚ್ಚಿದರೆ ಬಾಕಿ ಹಣವೂ ಹೋಗಬಹುದು. ದುಡ್ಡು ಕೊಟ್ಟು ಟ್ರಾಫಿಕ್ ತರುವುದಂತೂ ಬೇಡವೇ ಬೇಡ.

ಲಾಭದ ದಾರಿ ಇದ್ದದ್ದು ಬೇರೆಡೆ. ಆಡ್‌ಸೆನ್ಸ್‌ನಲ್ಲಿ ಯುಆರ್‌ಎಲ್ ಚಾನೆಲ್ (ಪುಟದ ವಿಳಾಸವಾರು ಗಳಿಕೆ ತೋರಿಸುವ ಏರ್ಪಾಟು) ಹಾಕಿ ಪುಟಗಳನ್ನು ಗುಂಪು ಮಾಡಿ ನೋಡಿದಾಗ, ಪಹಣಿ, ಪೌತಿ ಖಾತೆ, ಅಣ್ಣತಮ್ಮಂದಿರ ಪಾಲು ಕುರಿತ ಹದಿನಾಲ್ಕು ಲೇಖನಗಳಿಗೆ ಒಟ್ಟು ವ್ಯೂಗಳಲ್ಲಿ ಶೇ 11, ಆದಾಯದಲ್ಲಿ ಶೇ 34. ದುಬೈ, ನ್ಯೂಜೆರ್ಸಿಯಲ್ಲಿ ಕೂತು ಊರಿನ ಆಸ್ತಿ ಚಿಂತೆ ಮಾಡುವವರು ಅವನ್ನು ನಿಧಾನವಾಗಿ, ಕೊನೆಯವರೆಗೆ ಓದುತ್ತಾರೆ. ಇವರು ಅಂಥದ್ದನ್ನು ಬರೆದು ವರ್ಷವಾಗಿತ್ತು. "ವ್ಯೂ ಬರಲ್ಲ" ಎಂಬ ಕಾರಣಕ್ಕೆ ಬಿಟ್ಟಿದ್ದರಂತೆ. ಸ್ಥಳೀಯ ನೇರ ಜಾಹೀರಾತಿನ ಬಗ್ಗೆಯೂ ಮಾತಾಯಿತು. ಕಲ್ಯಾಣ-ಡೊಂಬಿವಲಿಯ ಕೇಟರಿಂಗ್‌ನವರು, ಪುರೋಹಿತರು, ಊರಿನ ತಿಂಡಿ ಮಾರುವ ಅಂಗಡಿ ತಿಂಗಳಿಗೆ 2,000 ಕೊಟ್ಟರೂ ಅದು ಆಡ್‌ಸೆನ್ಸ್‌ನ ಅರ್ಧ. ಲಿಂಕಿಗೆ ಪ್ರಾಯೋಜಿತ ಎಂಬ ಗುರುತು ಕಡ್ಡಾಯ ಹಾಕಬೇಕು, ಇಲ್ಲದಿದ್ದರೆ ಹುಡುಕಾಟದ ಸ್ಥಾನಕ್ಕೇ ಪೆಟ್ಟು.

ತೆರಿಗೆಯದು ಚುಟುಕಾಗಿ: ಈ ಹಣವನ್ನು ಅವರು ರಿಟರ್ನ್‌ನಲ್ಲಿ ತೋರಿಸಿರಲೇ ಇಲ್ಲ. ವ್ಯವಹಾರದ ಆದಾಯ ಇದ್ದ ಮೇಲೆ ಸಂಬಳದವರ ಐಟಿಆರ್-1 ಸಾಲದು, 3 ಅಥವಾ 4 ಬೇಕು. ನೌಕರಿಯ ಕರಾರಿನಲ್ಲಿ ಹೊರಗಿನ ಗಳಿಕೆಗೆ ಅನುಮತಿ ಇದೆಯೇ ಎಂದೂ ಓದಿಕೊಳ್ಳಲು ಹೇಳಿದೆವು.

ರಾಜೀನಾಮೆಯ ಪ್ರಶ್ನೆಗೆ ಲೆಕ್ಕವನ್ನು ತಿರುಗಾ ಹಾಕಿಸಿದೆವು. ಸಾವಿರ ವ್ಯೂಗೆ ಈಗ ಸಿಗುವುದು ಸುಮಾರು 56 ರೂ. ಮನೆಯ ಕಂತು ಮಾತ್ರ ಕಟ್ಟಬೇಕೆಂದರೂ ತಿಂಗಳಿಗೆ ಐದೂವರೆ ಲಕ್ಷ ಪೇಜ್ ವ್ಯೂ ಬೇಕು. ಸಂಬಳ ತುಂಬಬೇಕೆಂದರೆ ಹನ್ನೊಂದು ಲಕ್ಷ, ಭವಿಷ್ಯನಿಧಿ ಮತ್ತು ಕಂಪೆನಿಯ ಆರೋಗ್ಯ ವಿಮೆ ಬಿಟ್ಟು. ಇರುವುದು 70,000. ಈ ಲೆಕ್ಕವನ್ನು ಗಂಡನೇ ಬರೆದರು. ಬರೆದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಫೀಸಿನಲ್ಲಿ ತಮಗಿಂತ ಆರು ವರ್ಷ ಚಿಕ್ಕವನಿಗೆ ಬಡ್ತಿ ಸಿಕ್ಕಿದ ವಿಷಯ ತೆಗೆದರು. ಹೆಂಡತಿಗೆ ಅದು ಗೊತ್ತೇ ಇರಲಿಲ್ಲ. ವೆಬ್‌ಸೈಟ್ ಅವರಿಗೆ ಆದಾಯಕ್ಕಿಂತ ಹೆಚ್ಚಾಗಿ ಆಫೀಸಿನಿಂದ ಹೊರಬರುವ ಬಾಗಿಲಾಗಿತ್ತು. ಕೆಲಸ ಬದಲಿಸಬೇಕೆಂಬ ಆಸೆಗೆ ಸೈಟನ್ನು ಒತ್ತೆ ಇಡಬೇಕಿಲ್ಲ, ಎರಡನ್ನೂ ಬೇರೆ ಬೇರೆಯಾಗಿ ನೋಡಿ ಎಂದೆವು. ಆ ಮಾತಿಗೆ ಮೂರನೇ ಭೇಟಿ ಪೂರ್ತಿ ಹೋಯಿತು.

ಒಪ್ಪಂದ ಹೀಗಾಯಿತು. ಹನ್ನೆರಡು ತಿಂಗಳ ಅಂತಿಮ ಗಳಿಕೆಯ ಸರಾಸರಿ, ಬ್ಯಾಂಕಿಗೆ ಬಂದ ರೂಪಾಯಿಯಲ್ಲಿ, ಖರ್ಚು ಕಳೆದು, ಮನೆಯ ಕಂತನ್ನು ದಾಟುವವರೆಗೆ ರಾಜೀನಾಮೆಯ ಮಾತಿಲ್ಲ. ಅಂದಾಜಿನ ಅಂಕಿ ಇಬ್ಬರೂ ಬಾಯಿಗೆ ತರಬಾರದು. ವಾರಕ್ಕೆ ಎರಡು ರಾತ್ರಿ ಮತ್ತು ಭಾನುವಾರ ಬೆಳಿಗ್ಗೆ ಸೈಟಿಗೆ, ಭಾನುವಾರ ಮಧ್ಯಾಹ್ನದ ನಂತರ ಲ್ಯಾಪ್‌ಟಾಪ್ ಮುಚ್ಚಬೇಕು. ಈ ಕೊನೆಯದು ಇನ್ನೂ ಸರಿಯಾಗಿ ನಡೆಯುತ್ತಿಲ್ಲ ಎಂದು ಹೆಂಡತಿಯ ದೂರು.

ಮೂರು ತಿಂಗಳ ನಂತರದ ವರದಿಯಲ್ಲಿ ಭಾರತದ ಆರ್‌ಪಿಎಂ 0.40ರಿಂದ 0.47ಕ್ಕೆ ಏರಿದೆ, ಜಾಹೀರಾತಿನ ಜಾಗ ಕಡಿಮೆ ಮಾಡಿದ ಮೇಲೂ. ಆಸ್ತಿ ವಿಷಯದ ಐದು ಹೊಸ ಲೇಖನ ಬಂದಿವೆ. ಗಂಡ ಇನ್ನೊಂದು ಕಂಪೆನಿಗೆ ಅರ್ಜಿ ಹಾಕಿದ್ದಾರೆ. ಮುಂದಿನ ಭೇಟಿಯನ್ನು ನವೆಂಬರಿಗೆ ಕೇಳಿದ್ದರು, ನಾವು ಫೆಬ್ರವರಿಗೆ ಇಟ್ಟೆವು. ದೀಪಾವಳಿಯ ದರ ಜನವರಿಯಲ್ಲಿ ಇಳಿಯುತ್ತದೆ, ಆ ಇಳಿದ ಅಂಕಿಯನ್ನೂ ಸೇರಿಸಿಯೇ ಸರಾಸರಿ ಹಾಕಬೇಕು.